‘ಮನೇಲಿ ಹೇಗಿದ್ದೀರಿ?’ ಎಂದು ಕೇಳುವ ಗಂಗಾಂಬಿಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಟ್ಟಾಯದ ಸಮೀಪದ ಕೂಲಿಕಾರರ ಕಾಲೊನಿಯ ಮುಂದೆ ಬಸ್ಸು ನಿಲ್ಲುತ್ತದೆ. ಮೊದಲು ಒಂದು ಕೊಡೆ ಇಳಿಯುತ್ತದೆ, ಆಮೇಲೆ ಒಂದು ಬಟ್ಟೆ ಚೀಲ, ಕೊನೆಗೆ ಸೀರೆಯ ನೆರಿಗೆ ಕೆಸರಿಗೆ ತಾಗದಂತೆ ಎತ್ತಿ ಹಿಡಿದ ಗಂಗಾಂಬಿಕೆ. ನಲ್ಲಿಯ ಕೆಳಗೆ ಕೊಡವಿಟ್ಟು ನಿಂತಿದ್ದ ಹೆಂಗಸೊಬ್ಬಳು ಅವರನ್ನು ಕಂಡವಳೇ ಕೂಗುತ್ತಾಳೆ: ‘ಪ್ರಶ್ನೆ ಅಕ್ಕ ಬಂದ್ರು ಕಣ್ರೋ!’

ಬೀದಿ ಎಚ್ಚೆತ್ತುಕೊಳ್ಳುತ್ತದೆ. ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡೇ ಒಬ್ಬ, ಯಾರೂ ಏನೂ ಕೇಳದಿದ್ದರೂ, ಉತ್ತರ ಒಪ್ಪಿಸುತ್ತಾನೆ: ‘ಅಕ್ಕಾ, ಈ ವಾರ ಒಂದೇ ಒಂದು ಏಟು ಒಡ್ದಿಲ್ಲ. ಬರ್ಕಳಿ.’

ಗೋಡೆಯ ಆಚೆಯಿಂದ ಹೆಂಡತಿಯ ದನಿ: ‘ಸ್ವಾಮಾರ ಒಡ್ದಿದ್ದು?’

‘ಅದು ನಾಯಿಗೆ ಕಣಮ್ಮಿ!’

ಎದುರು ಮನೆಯ ತಿಮ್ಮಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಓಡಿ ಬರುತ್ತಾನೆ. ಆಲೂಗಡ್ಡೆ ಮೂಟೆ ಹೊರುವ ಆಳು. ಮಾತು ಮಾತ್ರ ಮೂಟೆಯಷ್ಟೇ ಗಟ್ಟಿ. ‘ನಮ್ ಉಡ್ಗಿ ಮೇಷ್ಟ್ರು ವರ್ಗ ಆದ್ರು ಅಕ್ಕಾ. ವಸಬ್ರ ಎಸ್ರು ಈಶ್ವರಯ್ಯ. ಅದ್ನೂ ತಿಳ್ಕಂಡಿವ್ನಿ.’

ಗಂಗಾಂಬಿಕೆ ನಗುತ್ತಾರೆ. ಆದರೆ ಚೀಲದಿಂದ ಪೆನ್ನು ತೆಗೆಯುವುದಿಲ್ಲ. ‘ಇವತ್ತು ನಾನು ಕೇಳೋಕೆ ಬಂದಿಲ್ಲ, ಹೇಳೋಕೆ ಬಂದಿದೀನಿ,’ ಎಂದು ಮೆಲ್ಲಗೆ ಹೇಳುತ್ತಾರೆ. ‘ಕೇಳೋದು ಸುಲಭ ಕಣ್ರೀ. ಹೇಳೋದು ಅಭ್ಯಾಸ ಇಲ್ಲ.’

ಅವರು ಹೇಳಬೇಕಾಗಿರುವುದು ಇಷ್ಟು: ಈ ಕಾಲೊನಿ ಎರಡು ವರ್ಷದಿಂದ ದಾರಿ ಕಾಯುತ್ತಿರುವ ‘ಬಾಳ್ವೆ ಶಿಬಿರ’ ಇಲ್ಲಿಗೆ ಬರುವುದಿಲ್ಲ. ಬರದಿರುವುದಕ್ಕೆ ಕಾರಣ ಅವರೇ ಬರೆದ ವರದಿ.

ಅರಕಲಗೂಡು ಪೇಟೆಯ ಗಂಗಾಂಬಿಕೆಗೆ ಈಗ ನಲವತ್ತೇಳು. ಹಾಸನದ ಒಂದು ಸ್ವಯಂಸೇವಾ ಸಂಸ್ಥೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಬಡ ದಂಪತಿಗಳಿಗೆ ಮೂರು ದಿನದ ಶಿಬಿರ ನಡೆಸುತ್ತದೆ. ಗಂಡ ಹೆಂಡಿರು ಜಗಳವಾಡದೆ ಮಾತಾಡುವುದು ಹೇಗೆ, ಮಕ್ಕಳನ್ನು ಹೊಡೆಯದೆ ಬೆಳೆಸುವುದು ಹೇಗೆ ಎಂಬ ಪಾಠ. ಮಧ್ಯಾಹ್ನ ಪಾಯಸದ ಊಟ. ಪಾಠ ಹೇಳಿದವರು ಹಾರ ಹಾಕಿಸಿಕೊಂಡು ಜೀಪು ಹತ್ತಿ ಹೋದ ಮೇಲೆ, ತಿಂಗಳು ಬಿಟ್ಟು, ಬಸ್ಸಿನಲ್ಲಿ ಬರುವವರು ಗಂಗಾಂಬಿಕೆ. ಪಾಠದಿಂದ ಏನಾದರೂ ಉಳಿಯಿತೆ ಎಂದು ಮನೆಮನೆಗೆ ಹೋಗಿ ಕೇಳುವುದು ಅವರ ಕೆಲಸ.

‘ಮದುವೆ ಮನೇಲಿ ಬಡಿಸೋರು ಬೇರೆ, ಎಲೆ ಎತ್ತೋರು ಬೇರೆ,’ ಎನ್ನುತ್ತಾರೆ. ‘ನಾನು ಎಲೆ ಎತ್ತೋಳು. ಯಾರು ಏನನ್ನ ಮುಟ್ಟದೆ ಬಿಟ್ಟಿದಾರೆ ಅಂತ ಗೊತ್ತಾಗೋದು ಎಲೆ ಎತ್ತೋರಿಗೇ.’

ಕೂಲಿಯವರು ಲಾರಿ ಹತ್ತುವ ಮುನ್ನ ಸಿಗುವುದು ನಾಲ್ಕು ಮನೆ, ಸಂಜೆ ಅವರು ಮರಳಿದ ಮೇಲೆ ಇನ್ನು ನಾಲ್ಕು. ನಡುವೆ ಬಸ್‌ ನಿಲ್ದಾಣದ ಕಲ್ಲುಬೆಂಚು, ಬುತ್ತಿಯ ಚಿತ್ರಾನ್ನ. ಮಳೆ, ನಾಯಿ, ಕುಡಿದ ಗಂಡಸರು ಎಲ್ಲವೂ ಅವರಿಗೆ ರೂಢಿ. ರೂಢಿಯಾಗದ ಕಷ್ಟ ಒಂದೇ, ತಾವು ಯಾರೆಂದು ವಿವರಿಸುವುದು. ಒಂದು ಊರಿನಲ್ಲಿ ಸಂತಾನಹರಣದ ನರ್ಸ್‌ ಎಂದುಕೊಂಡು ಹೆಂಗಸರೆಲ್ಲ ಹಿತ್ತಿಲಿಂದ ಓಡಿಹೋದರು. ಗೊರೂರಿನಲ್ಲಿ ಮೀನು ಹಿಡಿಯುವವರ ಮನೆಯೊಂದರಲ್ಲಿ ಹೆಣ್ಣು ನೋಡಲು ಬಂದವರೆಂದು ಉಪ್ಪಿಟ್ಟು ಕೊಟ್ಟು, ಸೀರೆ ಉಡಿಸಿದ ಹುಡುಗಿಯನ್ನು ತಂದು ಕೂರಿಸಿದರು. ‘ಉಪ್ಪಿಟ್ಟು ತಿಂದಾಗಿತ್ತು. ಅದಕ್ಕೇ ಹುಡುಗಿಗೆ ಎರಡು ಪ್ರಶ್ನೆ ಕೇಳಿ ಎದ್ದು ಬಂದೆ.’

ಪಿಯುಸಿಗೆ ಓದು ನಿಂತ ಗಂಗಾಂಬಿಕೆ ಈ ದಾರಿಗೆ ಬಂದದ್ದು ತೊಂಬತ್ತರ ದಶಕದ ಮೊದಲಲ್ಲಿ, ಸಾಕ್ಷರತಾ ಆಂದೋಲನದ ಕಾಲದಲ್ಲಿ. ಯಾರು ಅಕ್ಷರ ಕಲಿತರು, ಯಾರು ಹೆಬ್ಬೆಟ್ಟಿನಲ್ಲೇ ಉಳಿದರು ಎಂದು ನೋಡಿ ಬರುವ ಕೆಲಸ. ಆಮೇಲೆ ಹೊಗೆಯಿಲ್ಲದ ಒಲೆಯ ಸರ್ವೆ. ಹೊಳೆನರಸೀಪುರದ ಕಡೆ ಒಂದು ಮನೆಯಲ್ಲಿ ಹೊಸ ಒಲೆಯೊಳಗೆ ಕೋಳಿ ಕಾವು ಕೂತಿತ್ತು. ಒಲೆ ಬಳಕೆಯಲ್ಲಿದೆಯೇ ಎಂಬ ಪ್ರಶ್ನೆಯ ಮುಂದೆ ಗಂಗಾಂಬಿಕೆ ‘ಇದೆ, ಕೋಳಿಗೆ’ ಎಂದು ಬರೆದರು. ಮೇಲಿನವರು ಬೈದರಂತೆ. ಉತ್ತರವನ್ನು ಮಾತ್ರ ತಿದ್ದಲಾಗಲಿಲ್ಲ.

ಸಂಸಾರದ ಪ್ರಶ್ನೆಗಳನ್ನು ಅವರು ಮೊದಲು ಪ್ರಯೋಗಿಸಿದ್ದು ಸ್ವಂತ ಗಂಡನ ಮೇಲೆ. ಚಂದ್ರಯ್ಯನವರದು ಪೇಟೆಯಲ್ಲಿ ಹಗ್ಗ, ಗೋಣಿಚೀಲದ ಅಂಗಡಿ, ಮಾತು ಕಡಿಮೆ. ‘ಹೆಂಡತಿಯನ್ನು ಕೊನೆಯ ಸಲ ಹೊಗಳಿದ್ದು ಯಾವಾಗ?’ ಎಂಬ ಪ್ರಶ್ನೆ ಕೇಳಿಸಿಕೊಂಡು ಅವರು ಅಂಗಡಿಗೆ ಹೋದರು. ಸಂಜೆ ಬಂದು ಚಪ್ಪಲಿ ಬಿಡುತ್ತ ಹೇಳಿದರು: ‘ಮೊನ್ನೆ ಹುಳಿ ಚೆನ್ನಾಗಿದೆ ಅಂದಿದ್ದೆನಲ್ಲ.’

‘ಅದು ನಿಮ್ಮಕ್ಕ ಮಾಡಿದ್ದು,’ ಎಂದರು ಗಂಗಾಂಬಿಕೆ.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದು ಈ ಕೆಲಸದ ಕಷ್ಟದ ಭಾಗ. ‘ಮನೇಲಿ ಹೇಗಿದ್ದೀರಿ?’ ಎಂದರೆ ಗಂಡ ಥಟ್ಟನೆ ‘ಚೆನ್ನಾಗಿದೀವಿ’ ಅನ್ನುತ್ತಾನೆ. ಪಾಯಸ ಬಡಿಸಿದವರನ್ನು ದೂರುವುದುಂಟೆ? ಗಂಗಾಂಬಿಕೆ ಅದನ್ನು ಬರೆದುಕೊಳ್ಳುವುದಿಲ್ಲ. ಸೂರಿನ ಕಡೆ ನೋಡುತ್ತ ಕೂರುತ್ತಾರೆ. ಒಲೆಯ ಸದ್ದು, ಹೊರಗೆ ಹಸುವಿನ ಗಂಟೆಯ ಸದ್ದು ಕೇಳತೊಡಗುತ್ತವೆ. ಸ್ವಲ್ಪ ಹೊತ್ತಿಗೆ ಆ ಮೌನ ಒಬ್ಬರನ್ನು ಚುಚ್ಚತೊಡಗುತ್ತದೆ. ಬಹುಪಾಲು ಹೆಂಡತಿಯನ್ನೇ.

ಹಿರೀಸಾವೆಯ ಹೆದ್ದಾರಿ ಹೋಟೆಲಿನಲ್ಲಿ ದೋಸೆ ಹುಯ್ಯುವ ಪಾಲಾಕ್ಷನ ಮನೆಯಲ್ಲಿ ಆದದ್ದೂ ಹಾಗೆಯೇ. ಶಿಬಿರದಲ್ಲಿ ಅವನಿಗೆ ಕಲಿಸಿದ್ದು, ಹೆಂಡತಿ ಹೇಳಿದ್ದನ್ನು ಮೊದಲು ನಿನ್ನ ಬಾಯಲ್ಲಿ ಹೇಳು, ಅರ್ಥವಾಯಿತೆಂದು ಆಕೆಗೆ ಗೊತ್ತಾಗಲಿ ಎಂದು. ಪಾಲಾಕ್ಷ ಅದನ್ನು ಚಾಚೂ ತಪ್ಪದೆ ಪಾಲಿಸಿದ.

‘ಸೌದೆ ಇಲ್ಲ ಅಂದೆ ಅಕ್ಕಾ,’ ಎಂದು ಅವನ ಹೆಂಡತಿ ಶುರು ಮಾಡಿದಳು. ‘“ನೀನು ಏಳ್ತಿರಾದು ಏನಂದ್ರೆ, ಮನೇಲಿ ಸೌದೆ ಇಲ್ಲ ಅಂತ. ಸರೀನಾ?” ಅಂದ. ಊಂ ಸರಿ ಅಂದೆ. ಅಂಗೇ ಕೂತ್ಕಂಡ. ಮೊದ್ಲು ಬೋದ್ಬುಟ್ಟಾದ್ರೂ ತತ್ತಿದ್ದ. ಈಗ ಬೈಗ್ಳೂ ಇಲ್ಲ, ಸೌದೇನೂ ಇಲ್ಲ.’

‘ಆಲಿಸ್ಬೇಕು ಅಂದ್ರು, ಆಲಿಸ್ದೆ,’ ಎಂದ ಪಾಲಾಕ್ಷ. ‘ಸೌದೆ ತರಾದು ಕ್ಯಾಂಪಲ್ಲಿ ಏಳ್ಕೊಡ್ಲಿಲ್ಲ.’

ಕಟ್ಟಾಯದ ಕಾಲೊನಿಯ ಕಥೆ ಬೇರೆ. ಶಿಬಿರದಿಂದ ಪ್ರಯೋಜನವಿದೆಯೇ ಎಂದು ತಿಳಿಯಲು ಶಿಬಿರ ನಡೆಯದ ಒಂದು ಜಾಗವೂ ಬೇಕು. ಎರಡನ್ನೂ ಹೋಲಿಸಿ ನೋಡಬೇಕು. ಹಾಗೆ ಆಯ್ಕೆಯಾದದ್ದು ಈ ಕಾಲೊನಿ. ಇಲ್ಲಿ ಪಾಠವಿಲ್ಲ, ಊಟವಿಲ್ಲ. ಎರಡು ತಿಂಗಳಿಗೊಮ್ಮೆ ಪ್ರಶ್ನೆ ಮಾತ್ರ. ಶಿಬಿರ ಫಲ ಕೊಟ್ಟಿತೆಂದು ಸಾಬೀತಾದರೆ ಮುಂದಿನ ಸರದಿ ನಿಮ್ಮದೇ ಎಂಬ ಭರವಸೆ ಇತ್ತು. ಇದನ್ನೆಲ್ಲ ಗಂಗಾಂಬಿಕೆ ಸರಳವಾಗಿ ವಿವರಿಸಿದ್ದರು: ಗೊಬ್ಬರ ಹಾಕಿದ ಪಾತಿ, ಹಾಕದ ಪಾತಿ.

‘ನಾವು ಗೊಬ್ರ ಆಕ್ದೇ ಇರಾ ಪಾತಿಯಾ?’ ಎಂದು ತಿಮ್ಮಪ್ಪ ಕೇಳಿದ್ದ. ಆ ದಿನವೇ ಅವನಿಗೆ ಮತ್ತೊಂದು ಪ್ರಶ್ನೆಯೂ ಬಿದ್ದಿತ್ತು: ಮಗಳು ಎಷ್ಟನೇ ಕ್ಲಾಸು? ‘ಮೂರೋ ನಾಕೋ’ ಅಂದಿದ್ದ. ‘ಐದು’ ಎಂದು ಒಳಗಿನಿಂದ ಮಗಳೇ ಕೂಗಿದ್ದಳು.

ಅವತ್ತು ಸಂಜೆ ಕಾಲೊನಿಯ ಗಂಡಸರು ಅರಳಿಕಟ್ಟೆಯಲ್ಲಿ ಕೂತು ಒಂದು ತೀರ್ಮಾನಕ್ಕೆ ಬಂದರು. ಇದು ಪರೀಕ್ಷೆ. ಹಿರೀಸಾವೆಯವರು ಪಾಸಾಗಿದ್ದಾರೆ, ಅದಕ್ಕೇ ಅವರಿಗೆ ಪಾಯಸ. ನಾವು ಫೇಲಾಗಿದ್ದೇವೆ. ಆದರೆ ಫೇಲಾದವರನ್ನು ಮತ್ತೆ ಕೂರಿಸುತ್ತಾರೆ, ಎರಡು ತಿಂಗಳಿಗೆ ಅಕ್ಕ ಮತ್ತೆ ಬರುತ್ತಾರೆ. ಓದಿಕೊಂಡರೆ ಆಯಿತು.

ಓದಿಸುವ ಹೊಣೆ ಹೊತ್ತವರು ಕಾಲೊನಿಯ ಹಿರಿಯಜ್ಜಿ ನಂಜಮ್ಮ. ಸಂದರ್ಶನಗಳನ್ನೆಲ್ಲ ಗೋಡೆಯ ಆಚೆ ಕೂತು ಕೇಳಿದ್ದ ಅವರಿಗೆ ಪ್ರಶ್ನೆಗಳೆಲ್ಲ ಬಾಯಿಪಾಠ. ಕೂಲಿಯಿಂದ ಬಂದವರನ್ನು ಕಟ್ಟೆಯ ಮೇಲೆ ಸಾಲಾಗಿ ಕೂರಿಸಿ ಕೇಳತೊಡಗಿದರು: ‘ಏಳ್ಲಾ, ಮಗೀನ ಜತೆ ಕೂತು ಉಂಡ್ಯಾ? ಎಂಡ್ರು ಸುಸ್ತಾದಾಗ ನೀರು ಸೇದ್ಕೊಟ್ಯಾ?’

ಸುಳ್ಳು ಹೇಳಿ ಪಾಸಾಗುವಂತಿರಲಿಲ್ಲ. ನಿಯಮದ ಪ್ರಕಾರ ಸಂದರ್ಶನ ಖಾಸಗಿಯಾಗಿ ನಡೆಯಬೇಕು. ಗಂಗಾಂಬಿಕೆ ‘ಎಲ್ಲರೂ ಆಚೆ ಹೋಗಿ’ ಎಂದರೆ ಎಲ್ಲರೂ ವಿನಯದಿಂದ ಎದ್ದು ಗೋಡೆಯ ಆಚೆ ಹೋಗಿ ಕೂರುತ್ತಿದ್ದರು. ಗಂಡ ‘ಒಟ್ಟಿಗೇ ಉಂಡ್ವಿ’ ಅಂದ ಕೂಡಲೆ ಗೋಡೆ ಮಾತಾಡುತ್ತಿತ್ತು: ‘ಯಾವಾಗ್ಲಾ?’ ಮಾನ ಉಳಿಯಬೇಕಾದರೆ ಇದ್ದದ್ದು ಒಂದೇ ದಾರಿ, ನಿಜವಾಗಿಯೂ ಒಟ್ಟಿಗೆ ಉಣ್ಣುವುದು. ಮೊದಮೊದಲು ಭಾರೀ ಗಲಿಬಿಲಿ. ಒಬ್ಬ ತನ್ನ ಅರ್ಧ ಲೋಟ ಟೀಯನ್ನು ಹೆಂಡತಿಗೆ ಕೊಟ್ಟರೆ, ಆಕೆ ಅದರೊಳಗೆ ನೊಣ ಬಿದ್ದಿದೆಯೇ ಎಂದು ಇಣುಕಿ ನೋಡಿದಳು. ಇನ್ನೊಬ್ಬ ಮಗನ ತಲೆ ಸವರಿದರೆ, ಅಭ್ಯಾಸವಿಲ್ಲದ ಹುಡುಗ ಹೆದರಿ ಅತ್ತ.

ಎರಡು ವರ್ಷ ಕಳೆಯುವಷ್ಟರಲ್ಲಿ ಯಾರೂ ಅಳುತ್ತಿರಲಿಲ್ಲ.

ವರದಿ ಬರೆಯಲು ಕೂತ ಗಂಗಾಂಬಿಕೆ ಅಂಕಿಗಳನ್ನು ಎರಡೆರಡು ಸಲ ಕೂಡಿ ನೋಡಿದರು. ಪಾಠ ಕೇಳಿದ ಊರುಗಳು ಇದ್ದಲ್ಲೇ ಇವೆ. ಪಾಠವನ್ನೇ ಕೇಳದ ಕಾಲೊನಿ ಎಲ್ಲರಿಗಿಂತ ಮುಂದಿದೆ. ಇದನ್ನು ಹಾಗೇ ಬರೆದರೆ ಶಿಬಿರಗಳು ನಿಲ್ಲುತ್ತವೆ. ಕಾಲೊನಿಯವರ ಸರದಿ ಬರುವುದೇ ಇಲ್ಲ. ತಮ್ಮ ಕೆಲಸವೂ ಹೋಗುತ್ತದೆ. ಅದಲುಬದಲು ಮಾಡಿ ಬರೆದರೆ ಎಲ್ಲರಿಗೂ ಪಾಯಸ.

ಶಿಬಿರಗಳ ಮುಖ್ಯಸ್ಥರು ಹೊಳೆನರಸೀಪುರದ ನಿವೃತ್ತ ಅಧ್ಯಾಪಕ ಯೋಗಾನರಸಿಂಹ. ಸಜ್ಜನರು, ಶಿಬಿರವೆಂದರೆ ಪ್ರಾಣ. ಸುದ್ದಿ ಕೇಳಿ ಅವರ ಮುಖ ಸಣ್ಣದಾಯಿತು.

‘ಗಂಗಾಂಬಿಕೆಯವರೇ, ಗೊಬ್ಬರ ಹಾಕದ ಪಾತೀಲಿ ಬೆಳೆ ಜಾಸ್ತಿ ಬಂದ್ರೆ ಗೊಬ್ಬರದೋನು ಎಲ್ಲಿಗೆ ಹೋಗ್ಬೇಕು? ಆ ಕಾಲೊನಿ ಒಂದನ್ನ ಬಿಟ್ಟು ಬರೆಯೋಕಾಗಲ್ವಾ?’

ಗಂಗಾಂಬಿಕೆ ಏನೂ ಹೇಳಲಿಲ್ಲ. ಸೂರು ನೋಡಿದರು. ಫ್ಯಾನು ತಿರುಗುತ್ತಿತ್ತು. ಆಲಿಸುವುದು ಹೇಗೆಂದು ವರ್ಷಗಟ್ಟಲೆ ಪಾಠ ಹೇಳಿದ್ದ ಯೋಗಾನರಸಿಂಹ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಕೊನೆಗೆ ತಡೆಯಲಾರದೆ ತಾವೇ ಅಂದರು: ‘ಆಯ್ತಮ್ಮಾ. ಇದ್ದದ್ದನ್ನ ಇದ್ದ ಹಾಗೇ ಬರೀರಿ. ಹಾಗೆ ಸುಮ್ಮನೆ ಮಾತ್ರ ಕೂರಬೇಡಿ.’

ಅವರು ಇದ್ದದ್ದನ್ನೇ ಬರೆದರು. ನೆರವು ಕೊಡುತ್ತಿದ್ದವರು ಓದಿದರು. ಈ ತಿಂಗಳಿಂದ ಶಿಬಿರಗಳು ನಿಂತಿವೆ, ಪ್ರಶ್ನೆಗಳೂ ನಿಂತಿವೆ. ಆ ಸುದ್ದಿ ತಿಳಿಸಲು ಯಾರೂ ಅವರನ್ನು ಕಳಿಸಿಲ್ಲ. ಇಂದಿನ ಬಸ್ಸಿನ ಟಿಕೆಟ್ಟು ಅವರದೇ.

ಈಗ ಅವರು ನಂಜಮ್ಮನ ಜಗಲಿಯ ಮೇಲೆ ಕೂತಿದ್ದಾರೆ. ಸುತ್ತ ಕಾಲೊನಿ ನೆರೆದಿದೆ. ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿ ಮುಗಿಸುತ್ತಾರೆ. ಯಾರೂ ಮಾತಾಡುವುದಿಲ್ಲ. ಮೌನ ಈ ಸಲ ಗಂಗಾಂಬಿಕೆಯನ್ನೇ ಚುಚ್ಚುತ್ತಿರುವಂತಿದೆ. ಅವರು ಸೆರಗಿನ ತುದಿಯನ್ನು ಸುತ್ತುತ್ತಾರೆ, ಬಿಡುತ್ತಾರೆ.

‘ಅಂದ್ರೆ ನಾವು ಪಾಸಾ?’ ನಂಜಮ್ಮ ಕೇಳುತ್ತಾರೆ.

‘ಇದು ಪಾಸು ಫೇಲು ಅಲ್ಲ ಅಜ್ಜಿ. ಆವಾಗ್ಲಿಂದ ಹೇಳ್ತಾನೇ ಇದೀನಿ.’

‘ಅದಿರ್ಲಿ. ಇರೀಸಾವೆಯೋರ್ಗಿಂತ ಮುಂದೋ ಇಲ್ವೋ?’

‘ಮುಂದೇ.’

ಅಜ್ಜಿ ಸುತ್ತ ನೋಡುತ್ತಾರೆ. ತಾವು ತಿದ್ದಿದ ಒಂದೊಂದು ಮುಖದ ಮೇಲೂ ಕಣ್ಣು ನಿಲ್ಲುತ್ತದೆ. ತಿಮ್ಮಪ್ಪನ ಲೆಕ್ಕ ಬೇರೆಯೇ. ‘ಅಲ್ಲ ಅಕ್ಕಾ, ನಾವು ಪಾಸಾಗಿದ್ಕೇ ಊಟ ಕ್ಯಾನ್ಸಲ್ಲಾ? ನಾನು ಆಗಾಗ ಒಂದೊಂದೇಟು ಒಡ್ಕಂಡು ಬಂದಿದ್ರೆ ಇಷ್ಟೊತ್ಗೆ ಎಲ್ರೂ ಪಾಯ್ಸ ಉಣ್ತಿದ್ವಾ?’

‘ಒಡಿ ನೋಡಾನ,’ ಎನ್ನುತ್ತಾಳೆ ಅವನ ಹೆಂಡತಿ. ನಗು ಗೋಡೆ ದಾಟಿ ಹೋಗುತ್ತದೆ. ಗಂಗಾಂಬಿಕೆ ಮಾತ್ರ ನಗುವುದಿಲ್ಲ.

‘ನಾನು ಬೇರೆ ಥರ ಬರೀಬಹುದಿತ್ತು,’ ಎನ್ನುತ್ತಾರೆ.

‘ಸುಳ್ಳಾ?’ ನಂಜಮ್ಮ ಗದರುತ್ತಾರೆ. ‘ನಾವೆಲ್ಲ ಎಲ್ಡು ವರ್ಸ ಓದಿದ್ದು ಏನಾಗ್ಬೇಕವ್ವ? ಪಾಯ್ಸ ನಾವೇ ಕಾಯಿಸ್ಕತೀವಿ ಬುಡು.’

ಲಾರಿಯ ಹಾರ್ನು ಕೇಳುತ್ತದೆ. ಗಂಗಾಂಬಿಕೆ ಕೊಡೆಗೆ ಕೈ ಹಾಕುತ್ತಾರೆ. ಅಜ್ಜಿ ಕೊಡೆಯನ್ನೇ ಹಿಡಿದುಕೊಳ್ಳುತ್ತಾರೆ.

‘ಎಲ್ಲಿಗೋಯ್ತೀಯೆ? ಪ್ರಶ್ನೆ ಕೇಳಲ್ವಾ? ಎಲ್ರೂ ಓದ್ಕಂಡವ್ರೆ.’

‘ಕೆಲಸ ಮುಗೀತು ಅಜ್ಜಿ. ಫಾರಂ ಇಲ್ಲ, ಯಾರಿಗೂ ಕೊಡ್ಬೇಕಾಗೂ ಇಲ್ಲ.’

‘ಓದ್ದೋರ್ನ ಕೇಳ್ದೆ ಓಗ್ಬಾರ್ದು ಕಣವ್ವ. ಲೇ ತಿಮ್ಮಪ್ಪ, ಲಾರಿಯೋನ್ಗೆ ವಸಿ ನಿಲ್ಲಕ್ಕೇಳ್ಲಾ. ಮೊದ್ಲು ನೀನೇ ಬಾ.’

ತಿಮ್ಮಪ್ಪ ಲಾರಿಯ ಕಡೆ ಕೈಬೀಸಿ ಬಂದು ಹೆಂಡತಿಯೊಡನೆ ಎದುರಿಗೆ ಕೂರುತ್ತಾನೆ. ಉಳಿದವರು ನಿಯಮದಂತೆ ಎದ್ದು ಗೋಡೆಯ ಆಚೆ ಹೋಗಿ ಕೂರುತ್ತಾರೆ. ಗಂಗಾಂಬಿಕೆ ಕೇಳುತ್ತಾರೆ: ‘ಮನೇಲಿ ಹೇಗಿದ್ದೀರಿ?’ ತಿಮ್ಮಪ್ಪ ಈ ಸಲ ಥಟ್ಟನೆ ಏನೂ ಹೇಳುವುದಿಲ್ಲ. ಹೆಂಡತಿಯ ಕಡೆ ನೋಡುತ್ತಾನೆ. ಗೋಡೆಯ ಆಚೆಯವರೂ ಸುಮ್ಮನಿದ್ದಾರೆ. ಲಾರಿಯವನು ಎರಡು ಸಲ ಹಾರ್ನು ಹೊಡೆದು, ಆಮೇಲೆ ಅವನೂ ಸುಮ್ಮನಾಗುತ್ತಾನೆ.

ಮರಳಿ ಬಸ್ಸಿಗೆ ಕಾಯುವಾಗ ಗಂಗಾಂಬಿಕೆ ಚೀಲದಿಂದ ಪೆನ್ನು ತೆಗೆದು ನೋಡಿ, ಮತ್ತೆ ಒಳಗಿಡುತ್ತಾರೆ. ಬಸ್ಸು ತಿರುವಿನಲ್ಲಿ ಕಂಡ ಮೇಲೆ, ತಮ್ಮಷ್ಟಕ್ಕೇ ಎಂಬಂತೆ ಹೇಳುತ್ತಾರೆ:

‘ಇಷ್ಟು ವರ್ಷ ಕೇಳಿದೀನಿ. ಉತ್ತರ ಬರ್ಕೊಳ್ಳದೆ ಸುಮ್ಮನೆ ಕೇಳಿಸ್ಕೊಂಡಿದ್ದು ಇವತ್ತೇ ಮೊದಲು. ಚೆನ್ನಾಗಿದಾರೆ ಕಣ್ರೀ, ಮನೇಲಿ.’