ಗಾಜಿನೊಳಗಿನ ಜಗಲಿ

ಮಂಡ್ಯದ ಪೇಟೆ ಬೀದಿಯಲ್ಲಿ ಸೀರೆ ಅಂಗಡಿಗಳಿಗೇನು ಬರವೇ? ಒಂದರ ಬಾಗಿಲು ದಾಟುವಷ್ಟರಲ್ಲಿ ಇನ್ನೊಂದರವನು ‘ಬನ್ನಿ ಅಕ್ಕ, ಒಳಗ್ ಬನ್ನಿ’ ಅಂತ ಕೈ ಬೀಸುತ್ತಾನೆ. ಅಂಥ ಬೀದಿಯಲ್ಲಿ ಯಾರೂ ಕರೆಯದೆ ಜನ ತಾವಾಗಿ ನಿಲ್ಲುತ್ತಿದ್ದದ್ದು ಶ್ರೀಮತಿ ಸಿಲ್ಕ್ಸ್ ಮುಂದೆ ಮಾತ್ರ. ಹಾಗೆ ನಿಲ್ಲಿಸುತ್ತಿದ್ದವಳು ಸೌಮ್ಯ. ಅವಳ ಕೆಲಸ ಗಾಜಿನ ಶೋಕೇಸಿನೊಳಗೆ ಗೊಂಬೆಗಳಿಗೆ ಸೀರೆ ಉಡಿಸುವುದು.

ಉಡಿಸುವುದೆಂದರೆ ಸುತ್ತಿ ಪಿನ್ನು ಚುಚ್ಚಿ ಬರುವುದಲ್ಲ. ಆ ಅಂಗಡಿಗೆ ಅವಳು ಸೀರೆ ಮಡಿಸುವ ಕೆಲಸಕ್ಕೆ ಸೇರಿದವಳು. ಶೋಕೇಸು ಮಾಡಲು ಮೈಸೂರಿನಿಂದ ಒಬ್ಬ ಬರುತ್ತಿದ್ದ. ಒಂದು ಸಲ ಅವನು ಕೈಕೊಟ್ಟಾಗ ಯಜಮಾನರ ಮುಂದೆ ನಿಂತು ‘ನಾನ್ ಮಾಡ್ಲಾ ಸಾರ್?’ ಅಂದಳು. ಹಿಂದಿನ ದಿನ ಬೆಲ್ಲದ ಮಂಡಿಯ ಮುಂದೆ ಹಾದು ಬರುವಾಗ ಅಚ್ಚುಬೆಲ್ಲ ಪೇರಿಸಿಟ್ಟಿದ್ದನ್ನು ನೋಡಿದ್ದಳು. ಕಂದು, ಹೊಂಬಣ್ಣ, ಅರಿಸಿನದ ಬಣ್ಣದ ಸೀರೆಗಳನ್ನೆಲ್ಲ ಆರಿಸಿ ಹಾಗೆಯೇ ಪೇರಿಸಿಬಿಟ್ಟಳು. ಆವತ್ತು ಕಂದು ಬಣ್ಣದ ಸೀರೆ ಕೇಳಿಕೊಂಡು ಜನ ಒಳಗೆ ಬಂದರು. ಕಂದು ಬಣ್ಣ! ಅದನ್ನು ಕಂಡರೆ ಮೂಗು ಮುರಿಯುವ ಹೆಂಗಸರು!

ಅಲ್ಲಿಂದಾಚೆಗೆ ಅವಳ ಕಣ್ಣು ಸುಮ್ಮನಿರುತ್ತಿರಲಿಲ್ಲ. ವೈದ್ಯನಾಥಪುರದ ದೇವಸ್ಥಾನಕ್ಕೆ ಹೋದರೆ ದೇವರಿಗಿಂತ ಹೆಚ್ಚು ಹೊತ್ತು ಹೂವಿನವಳ ಮುಂದೆ ನಿಲ್ಲುತ್ತಿದ್ದಳು. ಅಷ್ಟು ಮಲ್ಲಿಗೆಯ ನಡುವೆ ಆಕೆ ಒಂದೇ ಒಂದು ಕನಕಾಂಬರದ ದಂಡೆ ಏಕಿಟ್ಟಳು ಅಂತ ನೋಡುತ್ತಿದ್ದಳು. ಮಳವಳ್ಳಿಯ ಬಳೆಗಾರ ತುಂಬು ಕೈಯವಳಿಗೆ ಯಾವ ಬಳೆ ಮೊದಲು ತೋರಿಸಿದ, ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಎಳನೀರಿನವನು ಕೆಂಪು ಗೊನೆಯನ್ನು ಯಾವ ಕಡೆ ನೇತುಹಾಕಿದ, ಇವೇ ಅವಳ ಪಾಠ. ಅಂಗಡಿ ನೋಡಿಕೊಳ್ಳುತ್ತಿದ್ದ ಯಜಮಾನರ ಮಗ ಸುದರ್ಶನ್ ಮಾರ್ಕೆಟಿಂಗ್ ಓದಿಕೊಂಡು ಬಂದವನು, ಒಳ್ಳೆಯ ಹುಡುಗ. ಹೊರದೇಶದ ಅಂಗಡಿಗಳ ಚಿತ್ರಗಳನ್ನು ಫೋನಿನಲ್ಲಿ ತೋರಿಸಿ, ಬೆಳಕು ಎಲ್ಲಿ ಬೀಳಬೇಕು, ಕಣ್ಣು ಎಲ್ಲಿ ನಿಲ್ಲಬೇಕು ಅಂತ ಹೇಳಿಕೊಟ್ಟವನೇ ಅವನು. ನೋಡುವವರಿಗೆ ಸೀರೆ ಕಾಣಬಾರದು, ತಾವೇ ಕಾಣಬೇಕು ಅಂತ ಅವನು ಹೇಳಿದ ಮಾತು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಇದೆಲ್ಲ ನಿಮಗೆ ಎಲ್ಲಿಂದ ಹೊಳೆಯುತ್ತೆ ಅಂತ ಅವನು ಪ್ರತಿಸಲವೂ ಕೇಳುತ್ತಿದ್ದ. ಸುಮ್ನೆ ಬತ್ತದೆ ಸಾರ್ ಅಂತ ಅವಳು ನಗುತ್ತಿದ್ದಳು.

ಈ ವರ್ಷದ ಗೌರಿ ಹಬ್ಬದ ಶೋಕೇಸಿಗೂ ಅವಳು ಅದೇ ಉತ್ತರ ಕೊಟ್ಟಳು. ಅದು ಮಾತ್ರ ಹಸಿ ಸುಳ್ಳು.

ಸೌಮ್ಯಳ ಊರು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ. ಅಪ್ಪ ಜವರಯ್ಯ, ಅವ್ವ ಪಟ್ಟಲಮ್ಮ. ಅವ್ವನ ತವರು ಮಂಡ್ಯದ ಪಕ್ಕದ ಕೆರಗೋಡು. ಅಲ್ಲಿ ಅವ್ವನ ತಮ್ಮ ಯತೀಶ ಇದ್ದ. ಸೋದರಮಾವ ಅಂದಮೇಲೆ ಇನ್ನೇನು, ಸೌಮ್ಯ ತೊಟ್ಟಿಲಲ್ಲಿದ್ದಾಗಲೇ ಅವನಿಗೆ ಅಂತ ಮಾತಾಗಿತ್ತು. ಅವಳಿಗೆ ಮಾವನ ಮೇಲೆ ಕೋಪವೇನೂ ಇರಲಿಲ್ಲ. ಎತ್ತಿ ಆಡಿಸಿದವನನ್ನು ಗಂಡ ಅಂತ ನೋಡಲು ಆಗಲಿಲ್ಲ, ಅಷ್ಟೆ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವೂ ಆಗಲಿಲ್ಲ. ಊರಿನ ಡೇರಿ ಗೋಡೆಗೆ ಅಕ್ಷರ ಬರೆಯಲು ಬಂದಿದ್ದ ಶಶಿಧರನ ಜೊತೆ, ವೀಳ್ಯಶಾಸ್ತ್ರಕ್ಕೆ ಚಪ್ಪರದ ಗಳ ಬಂದು ಬಿದ್ದಿದ್ದ ದಿನವೇ, ಮಂಡ್ಯದ ಬಸ್ಸು ಹತ್ತಿಬಿಟ್ಟಳು.

ಅಪ್ಪ ಅವಳ ಹೆಸರು ಎತ್ತಕೂಡದು ಅಂದ. ಅದು ಅವಳು ಎದುರುನೋಡಿದ್ದೇ. ಎದುರುನೋಡದೆ ಇದ್ದದ್ದು ಇನ್ನೊಂದು. ಯತೀಶ ತಲೆ ಎತ್ತಿ ತಿರುಗಲಾರದೆ ಹೋದ. ಆ ಅವಮಾನದಲ್ಲಿ ಅಕ್ಕನ ಮನೆಯ ಹೊಸಿಲು ತುಳಿಯುವುದನ್ನೇ ಬಿಟ್ಟ. ಗೌರಿ ಹಬ್ಬಕ್ಕೆ ತವರಿನವರು ಮೊರದ ಬಾಗಿನ, ಸೀರೆ ತಂದು ಹೆಣ್ಣುಮಗಳ ಮಡಿಲಿಗಿಡಬೇಕು, ಅದು ನಮ್ಮ ಕಡೆ ಅನ್ನ ನೀರಿನಷ್ಟೇ ಮುಖ್ಯ. ಪಟ್ಟಲಮ್ಮನ ಮಡಿಲಿಗೆ ಆಮೇಲೆ ಬಾಗಿನ ಬರಲೇ ಇಲ್ಲ. ತಮ್ಮ ಕೊನೆಯ ಸಲ ತಂದಿದ್ದ ಗಿಳಿಹಸಿರು, ಕೆಂಪಂಚಿನ ಸೀರೆಯನ್ನೇ ಪ್ರತಿ ಹಬ್ಬಕ್ಕೂ ಉಟ್ಟು, ಹೊತ್ತು ಇಳಿಯುವವರೆಗೂ ಜಗಲಿಯ ಮೇಲೆ ಕೂತು ರಸ್ತೆ ನೋಡುತ್ತಾಳಂತೆ ಎಂದು ಯಾರೋ ಬಸ್ಸಿನಲ್ಲಿ ಸಿಕ್ಕವರು ಹೇಳಿದ್ದರು. ಸೌಮ್ಯ ಇಳಿಯುವ ಸ್ಟಾಪು ಮರೆತು ಮುಂದಕ್ಕೆ ಹೋಗಿಬಿಟ್ಟಿದ್ದಳು. ತಾನು ಕಳೆದುಕೊಂಡಿದ್ದು ತನ್ನ ತವರೊಂದೇ ಅಂತ ಅಷ್ಟು ದಿನ ಅಂದುಕೊಂಡಿದ್ದಳು, ಪಾಪ.

ಆ ಜಗಲಿಯನ್ನೇ ಈ ವರ್ಷ ಶ್ರಾವಣಕ್ಕೆ ಮೊದಲೇ ಶೋಕೇಸಿನಲ್ಲಿ ಕಟ್ಟಿದಳು. ಗಂಡ ಶಶಿಧರ ಪ್ಲೈವುಡ್ಡಿನಲ್ಲಿ ಮನೆಯ ಮುಂಭಾಗ ಮಾಡಿಕೊಟ್ಟ, ಹಿಂದೆ ಕಬ್ಬಿನ ಗದ್ದೆಯ ದಾರಿ ಬರೆದ. ಆದರೆ ಅಂಗಡಿಯ ಗೊಂಬೆಗಳೆಲ್ಲ ಬಿದಿರಿನಂತೆ ನೆಟ್ಟಗೆ ನಿಲ್ಲುವಂಥವು. ಕೂರು ಅಂದರೆ ಕೂರುತ್ತವೆಯೇ? ಕೊನೆಗೆ ಒಂದು ಹಳೆಯ ಗೊಂಬೆಯ ಎರಡು ಕಾಲನ್ನೂ ತೊಡೆಯ ಹತ್ತಿರ ಗರಗಸದಲ್ಲಿ ಕುಯ್ದು, ಸ್ಟೂಲಿಗೆ ಮೊಳೆ ಹೊಡೆದು ಕೂರಿಸಿದರು. ಮೇಲೆ ನೆರಿಗೆ ಹರಡಿದಾಗ ಚಕ್ಕಳಮಕ್ಕಳ ಹಾಕಿ ಕೂತ ಹಾಗೇ ಕಂಡಿತು. ಸುದರ್ಶನನ ಅಪ್ಪ ಗೊಂಬೆಯ ಬೆಲೆ ನೆನೆದು ಲಬಲಬ ಅಂದರಂತೆ. ಸೌಮ್ಯ ಗೋಡೌನಿನಲ್ಲೆಲ್ಲ ಹುಡುಕಿ ಗಿಳಿಹಸಿರಿನ, ಕೆಂಪಂಚಿನ ಸೀರೆಯನ್ನೇ ತಂದು ಉಡಿಸಿ, ಅವ್ವನಂತೆಯೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮುಖವನ್ನು ರಸ್ತೆಯ ಕಡೆ ತಿರುಗಿಸಿದಳು.

ಇನ್ನೊಂದು ಹಂಚಿಕೆಯನ್ನೂ ಹೂಡಿದ್ದಳು. ಹಿಂದಿನ ದಾರಿಯ ತುದಿಯಲ್ಲಿ, ಮೊರ ಹೊತ್ತ ಗಂಡಸಿನ ಸಣ್ಣ ಆಕೃತಿ. ದಿನ ಕಳೆದಂತೆ ಅದು ಹತ್ತಿರಕ್ಕೆ, ದೊಡ್ಡದಾಗಿ ಬರುತ್ತಿತ್ತು. ಹಬ್ಬದ ಹಿಂದಿನ ದಿನ ಸಂಜೆ ಅಣ್ಣನೋ ತಮ್ಮನೋ ಜಗಲಿ ಮುಟ್ಟಿ ಬಾಗಿನ ಇಡಬೇಕು. ಅಯ್ಯೋ, ಜನ ಮುಗಿಬಿದ್ದರು! ಸಂಜೆ ತರಕಾರಿಗೆ ಬಂದವರು ‘ಎಲ್ಲಿಗಂಟ ಬಂದ ನೋಡಾನ’ ಅಂತ ಇಣುಕಿ ಹೋಗುತ್ತಿದ್ದರು. ಫೋಟೋಗಳು ಊರೂರಿನ ಗ್ರೂಪುಗಳಲ್ಲಿ ಹರಿದಾಡಿದವು. ಸೌಮ್ಯಳಿಗೆ ಬೇಕಾಗಿದ್ದದ್ದೂ ಅದೇ. ಕೆರಗೋಡಿನ ಬಸ್ಸು ದಿನವೂ ಮಂಡ್ಯಕ್ಕೆ ಬರುತ್ತದೆ. ಯತೀಶ ಮಾವ ಒಂದು ದಿನ ಇದನ್ನು ನೋಡೇ ನೋಡುತ್ತಾನೆ, ಆ ಸೀರೆಯನ್ನು ಗುರುತು ಹಿಡಿದೇ ಹಿಡಿಯುತ್ತಾನೆ, ಈ ಹಬ್ಬಕ್ಕಾದರೂ ಬಾಗಿನ ಹಿಡಿದು ಅಕ್ಕನ ಮನೆಗೆ ಹೋಗುತ್ತಾನೆ. ತನಗೆ ಬೇಡ, ಅವ್ವನಿಗೆ ಅವಳ ತವರು ವಾಪಸ್ಸು ಸಿಕ್ಕಿದರೆ ಸಾಕು. ವ್ಯಾಪಾರ ಆದದ್ದು ಸುದರ್ಶನನ ಪುಣ್ಯ.

ಶ್ರಾವಣದ ನಡುವೆ ಒಂದು ಬೆಳಗ್ಗೆ, ಅಂಗಡಿಯ ಬಾಗಿಲು ತೆಗೆಯುತ್ತಿದ್ದಂತೆ, ಯಾರೋ ಹಳ್ಳಿಯ ಗಂಡಸು ಬಂದು ಗೊಂಬೆಯ ಮೈಮೇಲಿನ ಸೀರೆಯೇ ಬೇಕು ಅಂದ. ಅದೇ ಬಣ್ಣದ ಬೇರೆ ಸೀರೆ ಇಲ್ಲ, ಹಬ್ಬದ ತನಕ ಇದನ್ನು ಬಿಚ್ಚುವುದಿಲ್ಲ ಅಂದರೂ ಕೇಳಲಿಲ್ಲ. ಚೌಕಾಸಿ ಮಾಡಲಿಲ್ಲ, ಕೂರಲಿಲ್ಲ, ನೀರು ಕೊಟ್ಟರೆ ಕುಡಿಯಲಿಲ್ಲ. ಅದ್ನೇ ಕೊಡಿ ಅಂತ ನೆಲ ನೋಡುತ್ತ ನಿಂತುಬಿಟ್ಟ. ಗಾಜಿನೊಳಗಿನ ಸೀರೆಯನ್ನೇ ಬಿಚ್ಚಿಸಿಕೊಂಡು ಹೋಗುವ ಗಿರಾಕಿ ಸಿಕ್ಕುವುದೆಂದರೆ ಶೋಕೇಸು ಮಾಡುವವರಿಗೆ ಅದಕ್ಕಿಂತ ದೊಡ್ಡ ಮಾತಿಲ್ಲ. ಸೌಮ್ಯ ಉಬ್ಬಿಹೋದಳು. ಫೋಟೋ ಇಷ್ಟರಲ್ಲಿ ಮಾವನಿಗೆ ತಲುಪಿಯೇ ಇರುತ್ತದೆ ಅಂದುಕೊಂಡು ತಾನೇ ಬಿಚ್ಚಿದಳು, ತಾನೇ ಮಡಿಸಿದಳು, ಅರಿಸಿನ ಕುಂಕುಮದ ಪೊಟ್ಟಣವನ್ನೂ ಇಟ್ಟು, ಉಟ್ಟವರು ನೂರು ವರ್ಷ ಬಾಳಲಿ ಅಂತ ಹರಸಿ ಕೊಟ್ಟಳು. ಅವನು ತಲೆ ಎತ್ತದೆ ಹೊರಟುಹೋದ. ಗೊಂಬೆಗೆ ಬೇರೊಂದು ಸೀರೆ ಉಡಿಸಿದ್ದಾಯಿತು.

ಹಬ್ಬದ ಹಿಂದಿನ ದಿನ ಬಂತು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಆ ನೂಕುನುಗ್ಗಲಿನಲ್ಲಿ ಚಿಕ್ಕಬೋರಮ್ಮ ಸೊಸೆಯ ಜೊತೆ ಒಳಗೆ ಬಂದಳು. ಸೌಮ್ಯಳ ಅಪ್ಪನ ಅಣ್ಣನ ಹೆಂಡತಿ, ಬೆಳಕವಾಡಿಯಲ್ಲಿ ಪಕ್ಕದ ಮನೆಯವಳೇ. ಊರು ಬಿಟ್ಟ ಮೇಲೆ ದೊಡ್ಡವ್ವನ ಮುಖ ನೋಡಿದ್ದು ಅದೇ ಮೊದಲು. ಸೌಮ್ಯ ಕೈಲಿದ್ದದ್ದನ್ನು ಬಿಟ್ಟು ಓಡಿಬಂದು ಬೆಂಚಿನ ಮೇಲೆ ಕೂರಿಸಿದಳು. ಸೀರೆಗೆ ಬಂದಿಲ್ಲ ಅಂದಳು ಮುದುಕಿ. ದೊಡ್ಡವ್ವನ ಮಡಿಲ ಮೇಲೆ ಒಂದು ಒಳ್ಳೆಯ ಸೀರೆ ಹರಡಿ, ಹಬ್ಬಕ್ಕೆ ಇದನ್ನು ನಾನೇ ಕೊಡಿಸುತ್ತೀನಿ ಅಂದಳು ಸೌಮ್ಯ.

ಚಿಕ್ಕಬೋರಮ್ಮ ಸೀರೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. “ನಮ್ಗೆ ಈ ವರ್ಸ ಅಬ್ಬ ಇಲ್ಲ ಕಣವ್ವ,” ಅಂದಳು.

ಮನೆಯಲ್ಲಿ ಸಾವಾದ ವರ್ಷ ಹಬ್ಬವಿಲ್ಲ, ದಾಯಾದಿಗಳಿಗೂ ಇಲ್ಲ. ಸೌಮ್ಯ ನಿಂತಲ್ಲೇ ಲೆಕ್ಕ ಹಾಕಿದಳು. ದೊಡ್ಡಪ್ಪ ಹೋಗಿ ಬಹಳ ವರ್ಷವಾಯಿತು. ದೊಡ್ಡವ್ವನ ಮಗ ಹೊರಗೆ ಬೈಕಿನ ಹತ್ತಿರ ನಿಂತಿದ್ದಾನೆ. ಇನ್ನು ಉಳಿದದ್ದು ಒಂದೇ ಮನೆ.

“ಅಪ್ಪನಾ?” ಅಂದಳು.

“ನಿಮ್ಮವ್ವ.”

ಮುದುಕಿ ಅವಳ ಎರಡು ಕೈಯನ್ನೂ ಹಿಡಿದುಕೊಂಡು ಹೇಳಿದಳು. ಆಷಾಢದಿಂದಲೇ ಹುಷಾರಿರಲಿಲ್ಲವಂತೆ. ಶ್ರಾವಣ ಹುಟ್ಟಿದ ಮೇಲೆ ಮಂಡ್ಯದ ದೊಡ್ಡ ಡಾಕ್ಟರಿಗೆ ತೋರಿಸಲು ದೊಡ್ಡವ್ವನೇ ಕರೆದುಕೊಂಡು ಬಂದಿದ್ದಳಂತೆ. ಗ್ರೂಪಿನಲ್ಲಿ ಫೋಟೋ ನೋಡಿದ್ದ ಪಟ್ಟಲಮ್ಮ ಆಟೋದವನಿಗೆ ದುಂಬಾಲು ಬಿದ್ದು ಪೇಟೆ ಬೀದಿಗೆ ಬಂದು, ಎದುರಿನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಶೋಕೇಸನ್ನೇ ನೋಡಿದಳಂತೆ. ಒಳಗೆ ಹೋಗೋಣ ಅಂದರೆ, ಗಂಡ ಆಣೆ ಹಾಕಿಸಿಕೊಂಡಿದ್ದಾನೆ ಅಂದಳಂತೆ.

“‘ನೋಡ್ದಾ ಅಕ್ಕ, ನನ್ ಮಗ್ಳು ನನ್ನ ತಂದು ಎಲ್ಲಿ ಕೂರ್ಸವ್ಳೆ’ ಅಂತ ನಗಾಡುದ್ಲು ಕಣೆ,” ಅಂದಳು ಚಿಕ್ಕಬೋರಮ್ಮ. “ಅಬ್ಬದ ಇಂದ್ಲ ದಿನ ತಮ್ಮ ಬತ್ತಾನಂತೆ, ಅವತ್ತು ತಿರ್ಗ ಬಂದು ನೋಡ್ಬೇಕು ಅಂದಿದ್ಲು. ಅದ್ಕೆ ನಾನ್ ಬಂದೆ ಇವತ್ತು.”

ಸೌಮ್ಯ ಗಾಜಿನಾಚೆಯ ಆ ಮೆಟ್ಟಿಲ ಕಡೆ ತಿರುಗಿದಳು. ಅವ್ವ ರಸ್ತೆಯ ಆಚೆ ಬದಿಯಲ್ಲಿ ಕೂತಿದ್ದಾಗ ತಾನು ಇದೇ ಗಾಜಿನ ಈಚೆಗೆ ಯಾರದೋ ರವಿಕೆಗೆ ಬಣ್ಣ ಹೊಂದಿಸುತ್ತಿದ್ದಿರಬೇಕು. ಒಂದು ಸಲ ತಲೆ ಎತ್ತಿದ್ದರೆ ಸಾಕಿತ್ತಲ್ಲ!

ಊರಿಗೆ ವಾಪಸ್ಸು ಹೋದ ಮೇಲೆ ಪಟ್ಟಲಮ್ಮ ಬಹಳ ದಿನ ಉಳಿಯಲಿಲ್ಲ. ಮುತ್ತೈದೆ ಸತ್ತರೆ ತವರಿನ ಸೀರೆ ಹೊದಿಸಿಯೇ ಕಳಿಸಬೇಕು. ಸಾಯುವ ಮೊದಲು ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ ಅಂತೆ: ಮಗಳು ಗೊಂಬೆಗೆ ಉಡಿಸಿದಾಳಲ್ಲ, ತಮ್ಮನಿಗೆ ಹೇಳಿ ಅದನ್ನೇ ತರಿಸಿ. ಯತೀಶ ಸುದ್ದಿ ಕೇಳಿದವನೇ ಮಂಡ್ಯಕ್ಕೆ ಬಂದ. ಸೌಮ್ಯಳ ಮುಖ ನೋಡಲಾರದೆ ತಾನು ರಸ್ತೆಯ ಆಚೆ ಬದಿಯಲ್ಲಿ ನಿಂತು, ಊರಿನವನೊಬ್ಬನನ್ನು ಒಳಗೆ ಕಳಿಸಿದ. ಹೆಣದ ಮೇಲೆ ಸೀರೆ ಹೊದಿಸಿ, ಗಂಡಸು ಅನ್ನುವುದನ್ನೂ ಮರೆತು ಊರೆಲ್ಲ ಕೇಳುವಂತೆ ಅತ್ತನಂತೆ. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ! ಮಗಳಿಗೆ ಹೇಳಿಕಳಿಸೋಣ ಅಂದವರಿಗೆ ಜವರಯ್ಯ ಬೇಡ ಅಂದ. ಯಾರೂ ಅವನ ಮಾತು ಮೀರಲಿಲ್ಲ.

ಉಟ್ಟವರು ನೂರು ವರ್ಷ ಬಾಳಲಿ ಅಂತ ತಾನು ಹರಸಿದ್ದು ಸೌಮ್ಯಳಿಗೆ ಆಗ ನೆನಪಾಯಿತು. ದೊಡ್ಡವ್ವನ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟಳು.

“ಎದ್ದೇಳವ್ವ, ತಲೆ ಮ್ಯಾಲೆ ನೀರಾಕೊ. ಸುದ್ದಿ ಕೇಳ್ದ ಮ್ಯಾಲೆ ಅಂಗೇ ಇರ್ಬಾರ್ದು,” ಅಂದಳು ಮುದುಕಿ.

ಅಂಗಡಿಯ ಹಿಂದಿನ ನಲ್ಲಿಯ ಹತ್ತಿರ ಹೋಗಿ ಸೌಮ್ಯ ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಹುಯ್ದುಕೊಂಡಳು. ಅಲ್ಲಿ ಅತ್ತಳು. ನಲ್ಲಿಯ ಸದ್ದಿನಲ್ಲಿ ಅವಳು ಅತ್ತದ್ದು ಯಾರಿಗೂ ಕೇಳಲಿಲ್ಲ. ನೀರು ಸೋರುತ್ತ ವಾಪಸ್ಸು ಬಂದವಳನ್ನು ನೋಡಿ ಸುದರ್ಶನ್ ಗಾಬರಿಯಾಗಿ, ಏನಾಯಿತು ಅಂತ ಕೇಳಿದ.

“ಎಲ್ಲಿಂದ ಒಳೀತದೆ ಅಂತ ಕೇಳ್ತಿದ್ರಲ್ಲ ಸಾರ್,” ಅಂದಳು. “ಅದು ನಮ್ಮವ್ವ. ಓಗ್ಬುಟ್ಟಳಂತೆ.”

ಅವನು ಶೋಕೇಸಿನ ಕಡೆ ಹೆಜ್ಜೆ ಹಾಕಿದ. ಪರದೆ ಎಳೆದುಬಿಡ್ತೀನಿ, ನೀವು ಮನೆಗೆ ಹೋಗಿ ಅಂದ. ಸೌಮ್ಯ ಬೇಡ ಅಂದಳು. ಇವತ್ತು ಬಂದು ನೋಡುತ್ತೀನಿ ಅಂದಿದ್ದಳಂತೆ, ಮುಗಿಸದೆ ಬಿಡಲಾರೆ ಅಂದಳು.

ಒದ್ದೆ ಸೀರೆಯಲ್ಲೇ ಶೋಕೇಸಿನೊಳಗೆ ಹತ್ತಿದಳು. ಹೊರಗೆ ಜನ ಕಿಕ್ಕಿರಿದಿದ್ದರು, ಫೋನುಗಳು ಮೇಲೆದ್ದಿದ್ದವು. ಮೊರ ಹಿಡಿದ ದೊಡ್ಡ ಆಕೃತಿಯನ್ನು ತಂದು ಜಗಲಿಯ ಪಕ್ಕದಲ್ಲಿ ನಿಲ್ಲಿಸಿದಳು. ತಮ್ಮ ಬಂದ! ಹೊರಗೆ ಯಾರೋ ಶಿಳ್ಳೆ ಹಾಕಿದರು, ಹೆಂಗಸರು ಚಪ್ಪಾಳೆ ತಟ್ಟಿದರು. ಆ ಗದ್ದಲದ ಹಿಂದೆ, ಎದುರಂಗಡಿಯ ಮೆಟ್ಟಿಲ ಮೇಲೆ ಚಿಕ್ಕಬೋರಮ್ಮ ಒಬ್ಬಳೇ ಹೋಗಿ ಕೂತಿದ್ದಳು.

ಸೌಮ್ಯ ಬಾಗಿನದ ಮೊರಗಳನ್ನು ಎತ್ತಿ ಅವ್ವನ ಮಡಿಲಿಗಿಟ್ಟಳು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿ, ಬಾಗಿನ ತಗೊಳ್ಳುವವರು ಮುಚ್ಚಿಕೊಳ್ಳುವ ಹಾಗೆ ಮೊರದ ಮೇಲೆ ಹೊದಿಸಿದಳು. ಹಣೆಗೆ ಕುಂಕುಮ ಇಟ್ಟಳು. ಆಮೇಲೆ ಕಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳೋಣ ಅಂತ ಬಗ್ಗಿ, ನೆರಿಗೆಯ ಕೆಳಗೆ ಕೈ ಹಾಕಿದಳು.

ಕಾಲಿರಲಿಲ್ಲ. ಕುಯ್ದಿದ್ದು ಮರೆತೇಹೋಗಿತ್ತು.