ನಾಗಮ್ಮನ ಓ

ಮೊಳಕಾಲ್ಮೂರಿಗೆ ಬಂದ ಮೊದಲ ಬೆಳಿಗ್ಗೆ ತಲೆದಿಂಬಿನ ಪಕ್ಕದ ಗೋಡೆ ಅದುರತೊಡಗಿತು. ದಡಕ್ಕನೆ ಎದ್ದು ಕುಳಿತೆ. ಆಚೆ ಮನೆಯೊಡತಿ ನಾಗಮ್ಮ ರೇಷ್ಮೆ ಸೀರೆ ನೇಯುತ್ತಿದ್ದರು, ಅಷ್ಟೇ. ಕುಂದಾಪುರದ ಕಡಲಿನ ಮೊರೆತದಲ್ಲೇ ಬೆಳೆದ ನನಗೆ ಆ ಮಗ್ಗದ ಸದ್ದು ನಿಂತಾಗಲೆಲ್ಲ ಎದೆ ಧಸಕ್ಕೆನ್ನುತ್ತಿತ್ತು. ಕಡಲು ಊಟಕ್ಕೆಂದು ಎದ್ದುಹೋಗುವುದಿಲ್ಲವಲ್ಲ ಮಾರಾಯ್ರೆ!

ಗಂಡನಿಗೆ ಇಲ್ಲೇ ಹತ್ತಿರದ ಕುದಾಪುರದಲ್ಲಿ ಕೆಲಸ; ನಮ್ಮ ಕುಂದಾಪುರವಲ್ಲ. ನನ್ನದು ಲ್ಯಾಪ್‌ಟಾಪಿನ ಸಂಗೀತ: ಮೈಕಿಗೆ ಬಿದ್ದ ಸದ್ದನ್ನು ಆಗಲೇ ಹಿಡಿದು, ಸುತ್ತು ಸುತ್ತು ತಿರುಗಿಸಿ, ಅದರ ಮೇಲೆ ಇನ್ನೊಂದನ್ನು ಪೇರಿಸುತ್ತ ಹಾಡುವುದು. ಇದಕ್ಕೆ ಲೂಪ್ ಎನ್ನುತ್ತೇವೆ. ಊರಿನಲ್ಲಿ ನೀವೆಲ್ಲ ಇದನ್ನು ಹುಚ್ಚು ಎನ್ನುತ್ತಿದ್ದಿರಿ. ನಾಗಮ್ಮ ಮಾತ್ರ, "ಅದ್ರಾಗೂ ಮಗ್ಗದಂಗೆ ಲಾಳಿ ಓಡ್ತೈತೇನೇ ಅಮ್ಮಾಯಿ?" ಎಂದು ಕೇಳಿದರು. ಅಮ್ಮಾಯಿ ಎಂದರೆ ತೆಲುಗಿನಲ್ಲಿ ಹುಡುಗಿ. ಅವರ ಮನೆಮಾತು ಅದು.

ಇಲ್ಲಿ ಮೀನಿಲ್ಲ. ಮುದ್ದೆಯನ್ನು ಅಗಿಯದೆ ನುಂಗಲು ಕಲಿತೆ. "ಉಂಟಾ?" ಎಂದರೆ ನಗುತ್ತಿದ್ದ ಅಂಗಡಿಯವನು, "ಐತಾ?" ಎಂದ ದಿನ ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಕೊಟ್ಟ. ಇದನ್ನು ಅಮ್ಮನಿಗೆ ಹೇಳೋಣವೆಂದರೆ ಅವಳು ಮಾತು ಬಿಟ್ಟಿದ್ದಳು. ತನ್ನನ್ನು ಕೇಳದೆ ಮದುವೆಯಾದೆನೆಂಬ ಸಿಟ್ಟು. ನಾನು ಫೋನ್ ಮಾಡಿದರೆ ಎತ್ತುತ್ತಲೇ ಇರಲಿಲ್ಲ.

ಅವಳು ಊಟಕ್ಕೆ ಕರೆಯುವ ಹಳೆಯ ದನಿಯೊಂದು ಮೊಬೈಲಿನಲ್ಲಿ ಉಳಿದಿತ್ತು: "ಹೆಣ್ಣೇ, ಉಂಬುಕೆ ಬಾ!" ಚಳ್ಳಕೆರೆಯ ಕಾಲೇಜೊಂದರಲ್ಲಿ ಹಾಡಲು ಕರೆದಿದ್ದರು. ಅಮ್ಮನ ಆ ದನಿಯನ್ನೇ ಲೂಪ್ ಮಾಡಿ ಅಭ್ಯಾಸಕ್ಕೆ ಕುಳಿತೆ. ಅಮ್ಮ ಕರೆದಳು, ಮತ್ತೆ ಕರೆದಳು. ಮೇಲೆ ಏನು ಹಾಡಬೇಕೋ ತೋಚದೆ, ಮೈಕ್ ತೆರೆದಿಟ್ಟು ಸುಮ್ಮನೆ ಕುಳಿತಿದ್ದೆ. ಮಗ್ಗ ನಿಂತಿತು. ಗೋಡೆಯಾಚೆಯಿಂದ ನಾಗಮ್ಮ ಕೂಗಿದರು: "ಓ... ವಸ್ತುಂದಮ್ಮಾ, ಬರ್ತಾಳೆ!"

ಕೂಗಿ ಸುಮ್ಮನಾಗದೆ ಬಾಗಿಲಿಗೇ ಬಂದರು. "ನಿಮ್ಮವ್ವ ಬಂದಾಳೆ ಅಂತ ಹೇಳ್ಬಾರ್ದಾ? ಆಪಾಟಿ ಕರೀತಾಳೆ, ಓ ಅನ್ನಕ್ಕೇನು ರೋಗ ನಿಂಗೆ?" ಆ ಮನೆಯಲ್ಲಿ ಕೈ ಮಗ್ಗದ ಮೇಲಿದ್ದರೂ ಕರೆದವರಿಗೆ ಓ ಎನ್ನಲೇಬೇಕು. ನಾನು ಲ್ಯಾಪ್‌ಟಾಪ್ ತೋರಿಸಿದೆ, ಎಲ್ಲ ಹೇಳಿ ಅತ್ತುಬಿಟ್ಟೆ. ಅಷ್ಟರಲ್ಲಿ ಅವರ ಓ ಕೂಡ ಲೂಪಿಗೆ ಸೇರಿ ಸುತ್ತುತ್ತಿತ್ತು. ಅಮ್ಮ ಕರೆಯುವುದು, ನಾಗಮ್ಮ ಓಗೊಡುವುದು.

"ಥೂ, ನನ್ ದನಿ ಇಷ್ಟು ಕೆಟ್ಟದಾಗೈತಾ?" ಎಂದು ನಾಗಮ್ಮ ಮೂಗು ಮುರಿದರು. ಆಮೇಲೆ ಸೆರಗಿನಿಂದ ನನ್ನ ಮುಖ ಒರೆಸಿ, "ಇರ್ಲಿ. ಇದ್ನೇ ನಿಮ್ಮವ್ವಂಗೆ ಕಳ್ಸು," ಎಂದರು.

ಕಳಿಸಿದೆ. ಚಳ್ಳಕೆರೆಯಲ್ಲೂ ಅದನ್ನೇ ನುಡಿಸಿದೆ. ಅಮ್ಮ ಕರೆದಾಗಲೆಲ್ಲ ಇಡೀ ಸಭೆ ನಾಗಮ್ಮನ ಜೊತೆ ಓ ಎಂದಿತು. ನನ್ನ ಬಾಯಿಂದ ಮಾತ್ರ ಓ ಹೊರಡಲಿಲ್ಲ.

ಮರುದಿನ ಅಮ್ಮನ ಫೋನು! ನಾನು ಹೇಗಿದ್ದೇನೆಂದು ಕೇಳಲೇ ಇಲ್ಲ. "ಓ ಅಂದದ್ ಯಾರ್? ಅವ್ರಿಗೆ ಕೊಡ್." ಅವಳ ಕನ್ನಡ ನಾಗಮ್ಮನಿಗೆ ಅರ್ಧ ತಿಳಿಯದು, ನಾಗಮ್ಮನದು ಅವಳಿಗೆ ಅರ್ಧ ತಿಳಿಯದು. ಇಬ್ಬರೂ ಸೇರಿ ನನ್ನನ್ನು ಬೈಯುತ್ತಿದ್ದುದು ಮಾತ್ರ ನನಗೆ ಪೂರಾ ತಿಳಿಯಿತು. ಹಿತವಾಗಿತ್ತು.

ನಾಗಮ್ಮ ಫೋನನ್ನು ನನ್ನ ಕೈಗೆ ತುರುಕಿ ಒಳಗೆ ಹೋದರು. ಆ ತುದಿಯಲ್ಲಿ ಕಡಲಿನ ಸದ್ದು. ಅದರ ನಡುವೆ ಅಮ್ಮ, "ಹೆಣ್ಣೇ..." ಎಂದಳು. ಅದೇ ಹೊತ್ತಿಗೆ ಅಡುಗೆಮನೆಯಿಂದ ನಾಗಮ್ಮ, "ಅಮ್ಮಾಯೀ, ಮುದ್ದೆ ಆರ್ತೈತೆ!" ಎಂದು ಕೂಗಿದರು.

"ಓ," ಎಂದೆ. ತನಗೇ ಎಂದುಕೊಂಡರು, ಇಬ್ಬರೂ.