ಬುಟ್ಟಿಯಿಂದ ನಾನು ತೆಗೆದ ತಟ್ಟೆ

ರಾಜು, ಆ ದಿನ ನಿನ್ನ ತಟ್ಟೆ ಬುಟ್ಟಿಯೊಳಗೇ ಇತ್ತು. ಚೈನಿಗೆ ತಗುಲಿ ಹೊರಗೆ ಬಿತ್ತು ಅಂತ ನಾನು ಹೇಳಿದ್ದು ಸುಳ್ಳು. ನಾನೇ ಅದನ್ನು ಕೈಯಾರೆ ತೆಗೆದು ನೆಲದ ಮೇಲಿಟ್ಟೆ. ಐದು ವರ್ಷದಿಂದ ಇಷ್ಟನ್ನು ಬರೆಯಲಾಗದೆ — ಇಲ್ಲ, ‘ಬರೆಯಲಾಗದೆ’ ಅನ್ನುವುದೂ ಸುಳ್ಳೇ. ಬರೆಯುವ ಮನಸ್ಸಿರಲಿಲ್ಲ. ಮುಚ್ಚಿಟ್ಟುಕೊಂಡು ನಾನು ಚೆನ್ನಾಗಿಯೇ ಇದ್ದೆ.

ಇದನ್ನು ನಿನ್ನೊಬ್ಬನಿಗೇ ಹೇಳಿ ಮುಗಿಸುವಂತಿಲ್ಲ. ಮಾವನವರ ಮುಂದೆ, ನನ್ನ ಹೆಂಡತಿಯಾದ ನಿನ್ನ ಅಕ್ಕ ಮಂಜುಳಾಳ ಮುಂದೆ ಓದಬೇಕು. ಅವರಿಗೆ ಆಟದ ತಲೆಬುಡ ಗೊತ್ತಿಲ್ಲ. ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ. ಸಹಿಸಿಕೋ.

ಡಿಸ್ಕ್ ಗಾಲ್ಫ್ ಅಂದರೆ ಇಷ್ಟೇ. ಕಬ್ಬಿಣದ ಕಂಬ, ಅದರ ಮೇಲಿಂದ ಇಳಿಬಿದ್ದ ಚೈನುಗಳು, ಕೆಳಗೊಂದು ಬುಟ್ಟಿ. ದೂರದಿಂದ ತಟ್ಟೆ ಎಸೆಯಬೇಕು, ಬಿದ್ದಲ್ಲಿಂದ ಮತ್ತೆ ಎಸೆಯಬೇಕು, ಕಡೆಗೆ ಬುಟ್ಟಿಗೆ ಹಾಕಬೇಕು. ಎಲ್ಲ ಬುಟ್ಟಿಗಳನ್ನೂ ಸುತ್ತಿ ಬರುವಷ್ಟರಲ್ಲಿ ಕಮ್ಮಿ ಸಲ ಎಸೆದವನೇ ಗೆದ್ದವನು. ಮೊದಲನೇ ಎಸೆತಕ್ಕೇ ಬುಟ್ಟಿಗೆ ಬಿದ್ದರೆ ಅದನ್ನು ಜನ್ಮವಿಡೀ ಹೇಳಿಕೊಂಡು ತಿರುಗುವವರಿದ್ದಾರೆ. ನಮ್ಮ ಮನೆಯಲ್ಲಿ ಇದನ್ನು ‘ತಟ್ಟೆ ಆಟ’ ಅನ್ನುತ್ತಿದ್ದರು, ಮೂಗು ಮುರಿದೇ.

ಆಟ ನಿನಗೆ ಕಲಿಸಿದವನು ನಾನು. ಆರ್.ಟಿ. ನಗರದ ನನ್ನ ಕನ್ನಡಕದ ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ಹೊರದೇಶದಿಂದ ತಂದಿದ್ದ ಎರಡು ತಟ್ಟೆ ಕೊಟ್ಟುಹೋಗಿದ್ದರು. ಆಗ ನಾವು ಸಹಕಾರನಗರದ ಬಾಡಿಗೆ ಮನೆಯಲ್ಲಿದ್ದೆವು. ಭಾನುವಾರ ಬೆಳಿಗ್ಗೆ ಪಕ್ಕದ ಖಾಲಿ ಸೈಟಿನಲ್ಲಿ ಇಬ್ಬರೂ ಎಸೆದೆವು. ಎರಡು ತಿಂಗಳು ನಾನು ನಿನಗೆ ಹೇಳಿಕೊಟ್ಟೆ. ಆಮೇಲೆ ಹೇಳಿಕೊಡುವುದೇನೂ ಉಳಿಯಲಿಲ್ಲ. ಆದರೂ ಹೇಳುವುದನ್ನು ನಾನು ನಿಲ್ಲಿಸಲಿಲ್ಲ, ನೀನು ತಲೆಯಾಡಿಸುವುದನ್ನೂ ನಿಲ್ಲಿಸಲಿಲ್ಲ.

ಎಲ್ಲಾದರೂ ಬುಟ್ಟಿ ನೆಟ್ಟು ಆಟಕ್ಕೆ ಹೊಸ ಅಂಗಳವಾಗಿದೆ ಅಂತ ತಿಳಿದರೆ ಸಾಕು, ಅಂಗಡಿ ಮುಚ್ಚಿ ನಿನ್ನ ಹಳೇ ಓಮ್ನಿಯಲ್ಲಿ ಹೊರಟುಬಿಡುತ್ತಿದ್ದೆವು. ಚಳಿಗಾಲದಲ್ಲಂತೂ ಒಂದು ಭಾನುವಾರವೂ ಮನೆಯಲ್ಲಿರುತ್ತಿರಲಿಲ್ಲ. ಹೆಬ್ಬಾಳದ ಫ್ಲೈಓವರ್ ಇನ್ನೂ ಮಂಜಿನಲ್ಲಿರುವಾಗ ಹೊರಟು, ಯಾವುದೋ ಕಾಫಿ ತೋಟದ ಅಂಚಿಗೋ ಗುಡ್ಡದ ಮೇಲಿನ ಶಾಲೆಯ ಮೈದಾನಕ್ಕೋ ಹೋಗಿ ಇಳಿಯುತ್ತಿದ್ದೆವು. ನಾನು ಇಳಿದ ತಕ್ಷಣ ತಟ್ಟೆ ತೆಗೆಯುತ್ತಿದ್ದೆ. ನೀನು ಮಾತ್ರ ಷೂ ಬಿಚ್ಚಿ, ಇಬ್ಬನಿ ಕೊರೆಯುವ ಹುಲ್ಲಿನ ಮೇಲೆ ಬರಿಗಾಲಲ್ಲಿ ಇಡೀ ಅಂಗಳ ನಡೆದು ಬರುತ್ತಿದ್ದೆ. ನಾನು ನಗುತ್ತಿದ್ದೆ.

“ನೆಲ ಗೊತ್ತಾಗ್ಬೇಕು ಭಾವ. ಎಲ್ಲಿ ಗಟ್ಟಿ, ಎಲ್ಲಿ ಜಾರುತ್ತೆ ಅಂತ ಕಾಲಿಗೇ ಗೊತ್ತಾಗೋದು,” ಅನ್ನುತ್ತಿದ್ದೆ ನೀನು.

ಬೇಸಾಯ ಮಾಡಿದ ಮನೆತನದ ಕಾಲು ಅದು. ಕೆಂಪಾಪುರದ ಜಮೀನೆಲ್ಲ ಲೇಔಟಾದ ಮೇಲೆ ನಿಮಗೆ ಉಳಿದಿದ್ದದ್ದು ರಾಜಾನುಕುಂಟೆ ಕಡೆಯ ದ್ರಾಕ್ಷಿ ತೋಟವೊಂದೇ. ಬಳ್ಳಿ ಒಣಗಿ ಬರೀ ಕಲ್ಲುಕಂಬಗಳು ನಿಂತಿದ್ದ ಆ ತೋಟದಲ್ಲಿ ನೀನು ಒಂಬತ್ತು ಬುಟ್ಟಿ ನೆಟ್ಟೆ. ಯಲಹಂಕದ ವೆಲ್ಡಿಂಗ್ ಶಾಪಿನವನ ಜೊತೆ ಕೂತು, ಚೈನು ಕತ್ತರಿಸಿ, ಒಂದೊಂದನ್ನೂ ತೂಗುಹಾಕಿ ನೋಡಿ ಮಾಡಿಸಿದೆ. ಅಷ್ಟು ಚೆಂದದ ಅಂಗಳವನ್ನು ನಾನು ಬೇರೆಲ್ಲೂ ಆಡಲಿಲ್ಲ. ಇದನ್ನೂ ಆಗ ನಿನಗೆ ಹೇಳಲಿಲ್ಲ. ಮೂರನೇ ಬುಟ್ಟಿ ಸ್ವಲ್ಪ ವಾಲಿದೆ ಅಂತ ಮಾತ್ರ ಹೇಳಿದೆ.

ಮಾವನವರಿಗೆ ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸುವ ಯೋಚನೆ ಇತ್ತು. ಅಪ್ಪ ಮಗನ ನಡುವೆ ಮಾತು ಹತ್ತಿದ ದಿನ ನಾನೂ ಅಲ್ಲೇ ಊಟಕ್ಕೆ ಕೂತಿದ್ದೆ.

“ನೋಡೋ, ತಟ್ಟೆ ಹಿಡ್ಕಂಡು ಊರೂರು ಸುತ್ತಿದ್ದಾಯ್ತು,” ಅಂದರು. “ಯಾರಾದ್ರೂ ನಿನ್ನ ಕರ್ದು, ನಮ್ ಪರವಾಗಿ ಹೋಗಿ ಆಡಪ್ಪ ಅಂತ ಒಂದ್ಸಲ ಕಳಿಸ್ಲಿ. ತೋಟ ಇಂಗೇ ಇರ್ಲಿ, ನಾ ಮುಟ್ಟಲ್ಲ. ಇಲ್ಲಾಂದ್ರೆ ಬಿಲ್ಡರ್‌ಗೆ ಕೊಡ್ತೀನಿ. ಆಮೇಲೆ ಮಾತಾಡ್ಬೇಡ.”

ನೀನು ಒಪ್ಪಿಕೊಂಡೆ. ಒಪ್ಪುವಾಗ ನನ್ನ ಮುಖ ನೋಡಿದೆ. ನಾನು ನಿನ್ನ ಜೊತೆಗಿದ್ದೇನೆ ಅಂತ ನಿನಗೆ ಧೈರ್ಯ.

ಆ ಡಿಸೆಂಬರಿನಲ್ಲಿ ನೀಲಗಿರಿ ಕಡೆಯ ಒಂದು ಟೀ ತೋಟದಲ್ಲಿ ಹೊಸ ಅಂಗಳ ತೆರೆದರು. ಅಲ್ಲಿಯ ಸುತ್ತಿನಲ್ಲಿ ಗೆದ್ದವನನ್ನು ಹಿಮದ ದೇಶವೊಂದರ ಚಳಿಗಾಲದ ಪಂದ್ಯಕ್ಕೆ ಕಳಿಸುತ್ತೇವೆ ಅಂತ ನಡೆಸುವವರು ಹೇಳಿದ್ದರು. ಒಬ್ಬನನ್ನು ಮಾತ್ರ. ದಾರಿಯುದ್ದಕ್ಕೂ ನೀನು ಅದರ ಮಾತೇ ಎತ್ತಲಿಲ್ಲ. ದಾರಿಯ ಹೋಟೆಲಲ್ಲಿ ತಟ್ಟೆ ಇಡ್ಲಿ ತಿನ್ನುವಾಗ, “ನೀವ್ ಗೆದ್ರೂ ಸರಿ, ನಾನ್ ಗೆದ್ರೂ ಸರಿ ಭಾವ,” ಅಂದು ನಕ್ಕೆ. ನಿನಗೆ ಅದು ಸರಿಯಲ್ಲ ಅಂತ ನನಗೆ ಗೊತ್ತಿತ್ತು. ತೋಟ ಉಳಿಯಬೇಕಾದರೆ ನೀನೇ ಗೆಲ್ಲಬೇಕಿತ್ತು.

ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎಸೆದ ತಟ್ಟೆ ಹತ್ತು ಮಾರು ಹೋಗುವಷ್ಟರಲ್ಲಿ ಮಾಯವಾಗುತ್ತಿತ್ತು. ಅಂಥ ಹೊತ್ತಿನಲ್ಲಿ ಒಂದು ಪದ್ಧತಿಯಿದೆ — ಗುಂಪಿನಲ್ಲಿ ಒಬ್ಬ ಮೊದಲು ಎಸೆದು, ಮುಂದೆ ಹೋಗಿ, ಬುಟ್ಟಿಯ ಪಕ್ಕ ನಿಂತು, ಉಳಿದವರ ತಟ್ಟೆ ಎಲ್ಲಿ ಬಿತ್ತು ಅಂತ ನೋಡಿ ಹೇಳಬೇಕು. ಅಂಪೈರ್ ಅನ್ನುವವರು ಇಲ್ಲ. ಅವನು ಹೇಳಿದ್ದೇ ಕೊನೆ. ಕೊನೆಯ ಬುಟ್ಟಿಗೆ ಅದು ನನ್ನ ಸರದಿಯಾಗಿತ್ತು. ಆಗ ನೀನೂ ನಾನೂ ಸಮಸಮ ಇದ್ದೆವು. ಗುಂಪಿನ ಮೂರನೆಯವನು ಮೈಸೂರಿನವನು. ಅವನ ತಟ್ಟೆ ಟೀ ಗಿಡಗಳ ಸಾಲಿಗೆ ಬಿದ್ದು, ಅವನು ಅದನ್ನು ಹುಡುಕುತ್ತ ಕೆಳಗಿಳಿದಿದ್ದ.

ನೀನು ಎಸೆದದ್ದು ನನಗೆ ಕಾಣಲಿಲ್ಲ. ಬಂದದ್ದು ಕಂಡಿತು. ಮಂಜನ್ನು ಸೀಳಿಕೊಂಡು, ಬಿರುಸಾಗಿ, ನೆಟ್ಟಗೆ ಬಂದು ಚೈನಿಗೆ ಹೊಡೆದು ಬುಟ್ಟಿಯಲ್ಲಿ ಕೂತಿತು. ಚೈನುಗಳು ಇನ್ನೂ ತೂಗಾಡುತ್ತಿದ್ದವು. ನನ್ನ ಮೈ ಜುಮ್ಮೆಂದಿತು — ಸಂತೋಷಕ್ಕೇ. ಮೊದಲ ಗಳಿಗೆಯಲ್ಲಿ ಸಂತೋಷವೇ ಆಯಿತು ರಾಜು, ಇದನ್ನು ನಂಬು, ಅಥವಾ ನಂಬಬೇಡ, ನಿನ್ನಿಷ್ಟ. ಎರಡನೆಯ ಗಳಿಗೆಯಲ್ಲಿ ನಾನು ಕೈ ಹಾಕಿ ತಟ್ಟೆ ತೆಗೆದೆ.

ಬುಟ್ಟಿಯ ಬುಡದಲ್ಲಿ ಇಟ್ಟಿದ್ದರೂ ಒಂದು ಮಾತು. ಇಡಲಿಲ್ಲ. ತಟ್ಟೆ ಅಂಚಿನ ಮೇಲೆ ಉರುಳಿ ಹೋಗುವುದುಂಟು ಅಂತ ಆಡುವವರಿಗೆಲ್ಲ ಗೊತ್ತು. ಅದಕ್ಕೆ ಇಳಿಜಾರಿನಲ್ಲಿ ಕೆಳಗೆ ನಡೆದು, ಅಲ್ಲಿಂದ ಎಸೆದರೆ ತಪ್ಪುವಷ್ಟು ದೂರ ನೋಡಿ ಇಟ್ಟೆ. ಲೆಕ್ಕ ಹಾಕಿಯೇ ಇಟ್ಟೆ. ಕೈತಪ್ಪಿ ಆದದ್ದಲ್ಲ, ಯಾವುದೋ ಗಳಿಗೆಯ ಮಂಕಲ್ಲ.

ನೀನು ಓಡಿ ಬಂದೆ. “ಚೈನ್ ಸದ್ದು ಕೇಳಿಸ್ತು ಭಾವ.”

“ಬಿರುಸಾಯ್ತು ಕಣೋ. ಚೈನ್ ಹಿಡೀಲಿಲ್ಲ, ಆಚೆ ತಳ್ತು. ಉರುಳ್ಕೊಂಡ್ ಹೋಯ್ತು ನೋಡು ಅಲ್ಲಿಗೆ,” ಅಂದೆ.

ನೀನು ಒಂದು ಸಲ ಬುಟ್ಟಿ ನೋಡಿದೆ, ಒಂದು ಸಲ ನನ್ನ ನೋಡಿದೆ. ಬೇರೆ ಯಾರೇ ಅಲ್ಲಿ ನಿಂತಿದ್ದರೂ ನೀನು ವಾದಿಸುತ್ತಿದ್ದೆ. ಅಕ್ಕನ ಗಂಡನ ಮಾತಿಗೆ ಎದುರಾಡಬಾರದು ಅಂತ ಬೆಳೆದವನು ನೀನು. ಕೆಳಗಿಳಿದು ಹೋದೆ. ಚಳಿಗೆ ಬೆರಳು ಸೆಟೆದಿದ್ದವು, ಬಾಯಿಂದ ಊದಿಕೊಂಡೆ, ಎಸೆದೆ, ತಪ್ಪಿತು. ಮೂರು ಎಸೆತ ಬರೆಸಿಕೊಂಡೆ. ನಾನು ಎರಡರಲ್ಲಿ ಮುಗಿಸಿದೆ. ಒಂದೇ ಎಸೆತದಿಂದ ನಾನು ಗೆದ್ದೆ.

ಯಾಕೆ ಅಂತ ನೀನು ಕೇಳುತ್ತೀಯ. ಹೊಟ್ಟೆಕಿಚ್ಚು, ಮತ್ತೇನು. ಯಾವ ಹೊಸ ಅಂಗಳಕ್ಕೆ ಹೋದರೂ “ರಾಜು ಬಂದಿದ್ದಾನಾ?” ಅಂತಲೇ ಕೇಳುತ್ತಿದ್ದರು. ನಾನು ರಾಜುವಿನ ಭಾವ. ನಿಮ್ಮ ಮನೆಯಲ್ಲೂ ನಾನು ಜಮೀನಿಲ್ಲದ ಅಳಿಯ, ಬಾಡಿಗೆ ಅಂಗಡಿಯ ಅಳಿಯ. ಯಾರೂ ನನ್ನನ್ನು ಹಾಗೆ ಅನ್ನಲಿಲ್ಲ — ನಾನೇ ಅಂದುಕೊಂಡೆ. ಈ ತಟ್ಟೆ ಆಟವೊಂದೇ ನನ್ನದು ಅನ್ನಿಸಿತ್ತು. ಅದನ್ನೂ ನೀನು ತೆಗೆದುಕೊಂಡೆ ಅನ್ನಿಸಿತು. ನಾನೇ ಕೈಗೆ ಕೊಟ್ಟಿದ್ದೆ ಅನ್ನುವುದು ಆಗ ನೆನಪಿಗೆ ಬರಲಿಲ್ಲ. ಇದನ್ನು ಸಮಜಾಯಿಷಿ ಅಂತ ಓದಬೇಡ. ಇದು ಕೊಳಕು, ಅಷ್ಟೇ. ಹೊರಗೆ ಹಾಕುತ್ತಿದ್ದೇನೆ.

ವಾಪಸು ಬರುವಾಗ ಓಮ್ನಿ ಓಡಿಸಿದವನು ನೀನು. ನಾನು ಪಕ್ಕದಲ್ಲಿ ನಿದ್ದೆ ಬಂದವನಂತೆ ಕಣ್ಣು ಮುಚ್ಚಿ ಕೂತಿದ್ದೆ.

ಮಾವನವರಿಗೆ ಸುದ್ದಿ ತಿಳಿದಾಗ, “ಕಳ್ಸೋರು ಕಳ್ಸಿದ್ರಲ್ಲ, ಅಳಿಯಂದ್ರನ್ನ,” ಅಂದರು. “ಈ ವಯಸ್ಸಿಗೆ ಅವ್ರ ಕೈಲಾಗಿದ್ದು ನಿನ್ನ ಕೈಲಿ ಆಗ್ಲಿಲ್ಲ. ಇನ್ನೇನ್ ಉಳೀತು ಮಾತಾಡಕ್ಕೆ?” ನಾನು ಅಲ್ಲೇ ಇದ್ದೆ, ಕಾಫಿ ಕುಡಿಯುತ್ತಿದ್ದೆ. ಒಂದು ಮಾತು ಸಾಕಾಗಿತ್ತು. ಸುಳ್ಳನ್ನು ಒಪ್ಪಿಕೊಳ್ಳದಿದ್ದರೂ, ‘ಬಿಡಿ ಮಾವ, ತೋಟ ಇರಲಿ’ ಅನ್ನಬಹುದಿತ್ತು. ಲೋಟ ಕೆಳಗಿಟ್ಟು ಎದ್ದು ಬಂದೆ.

ಹಿಮದ ಊರಿಗೆ ಹೊರಡುವಾಗ ನಿನ್ನ ಜಾಕೆಟ್ ಹಾಕಿಕೊಂಡು ಹೋದೆ. ನಿನ್ನ ಉಣ್ಣೆಯ ಕೈಗವಸುಗಳೂ ನನ್ನವೇ ಆದವು. ಹಿಮದಲ್ಲಿ ತಟ್ಟೆ ಹೂತುಹೋದರೆ ಸಿಗುವುದಿಲ್ಲ, ಹಿಂದೆ ಉದ್ದ ರಿಬ್ಬನ್ ಅಂಟಿಸಬೇಕು ಅಂತ ನೀನೇ ಎಲ್ಲೋ ತಿಳಿದುಕೊಂಡು, ಯಶವಂತಪುರದ ಮಾರ್ಕೆಟ್ಟಿನಿಂದ ಕೆಂಪು ರಿಬ್ಬನ್ ತಂದು, ಪ್ರತಿ ತಟ್ಟೆಗೂ ಅಳೆದು ಕತ್ತರಿಸಿಕೊಟ್ಟೆ. ಏರ್‌ಪೋರ್ಟಿಗೂ ಬಿಟ್ಟುಬಂದೆ. ಅಲ್ಲಿ ನಾನು ಹಿಮದ ಮೇಲೆ ಎಸೆದಾಗಲೆಲ್ಲ ತಟ್ಟೆ ಮುಳುಗಿ, ರಿಬ್ಬನ್ನಿನ ತುದಿಯಷ್ಟೇ ಮೇಲೆ ಕಾಣುತ್ತಿತ್ತು. ಅದನ್ನು ಹಿಡಿದೆಳೆದು ಎಳೆದು ಆಡಿದೆ. ಕೊನೆಯಿಂದ ಎರಡನೆಯವನಾಗಿ ಮುಗಿಸಿದೆ. ಬಂದ ಮೇಲೆ ಎಲ್ಲರಿಗೂ, ಅಲ್ಲಿಯ ಚಳಿ ನಮಗೆ ಒಗ್ಗುವುದಿಲ್ಲ ಅಂತ ಹೇಳಿದೆ.

ತೋಟ ಹೋಯಿತು. ಕಂಬ ಕೀಳುವ ದಿನ ನೀನೇ ನಿಂತು ಬುಟ್ಟಿಗಳನ್ನು ಗುಜರಿಗೆ ಹಾಕಿಸಿದೆಯಂತೆ, ಮಂಜುಳಾ ಹೇಳಿದಳು. ಅಲ್ಲಿ ಎದ್ದ ಕಟ್ಟಡದಲ್ಲಿ ಮಗಳ ಪಾಲು ಅಂತ ಮಾವನವರು ನಮಗೊಂದು ಫ್ಲಾಟ್ ಕೊಟ್ಟರು. ಬೇಡ ಅನ್ನಲು ನನ್ನಲ್ಲಿ ಕಾರಣವಿರಲಿಲ್ಲ — ಇತ್ತು, ಹೇಳುವಂತಿರಲಿಲ್ಲ. ಈಗ ಅಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ತಿಂಗಳ ಬಾಡಿಗೆ ಉಳಿಯಿತು, ಲಿಫ್ಟ್ ಇದೆ, ನೀರಿಗೆ ತೊಂದರೆಯಿಲ್ಲ. ಒಳ್ಳೆಯ ನಿದ್ದೆ ಬರುತ್ತದೆ ನನಗೆ ಇಲ್ಲಿ. ಇದು ಹೇಳಿಕೊಳ್ಳಲು ಅಸಹ್ಯವಾಗುತ್ತದೆ, ಆದರೆ ಬರುತ್ತದೆ.

ತೋಟಕ್ಕಿಂತ ಕೆಟ್ಟದ್ದೊಂದನ್ನು ನಾನು ಹಾಳು ಮಾಡಿದ್ದೇನೆ. ಆ ಸುತ್ತಿನ ಮೇಲೂ ನೀನು ಕೆಲವು ತಿಂಗಳು ಆಡಿದೆ. ‘ಬಿರುಸಾಯ್ತು’ ಅಂದೆನಲ್ಲ, ಅದನ್ನು ನೀನು ಮನಸ್ಸಿಗೆ ಹಚ್ಚಿಕೊಂಡೆ. ಮೆಲ್ಲಗೆ ಎಸೆಯುವುದನ್ನು ಅಭ್ಯಾಸ ಮಾಡಿದೆ. ಮಣಿಕಟ್ಟು ಬಿಗಿಹಿಡಿದೆ, ಹೆಜ್ಜೆ ಕಮ್ಮಿ ಮಾಡಿದೆ. ನಿನ್ನ ಆಟದಲ್ಲಿ ಜೀವ ಇದ್ದದ್ದೇ ಆ ಬಿರುಸಿನಲ್ಲಿ. ನನ್ನ ಕಣ್ಣೆದುರೇ ಒಂದೊಂದೇ ಭಾನುವಾರ ಅದನ್ನು ಕಳೆದುಕೊಂಡೆ. “ಈಗ ಸರಿ ಬರ್ತಿದ್ಯಾ ಭಾವ?” ಅಂತ ಕೇಳುತ್ತಿದ್ದೆ. “ಬರ್ತಿದೆ, ಬರ್ತಿದೆ,” ಅನ್ನುತ್ತಿದ್ದೆ ನಾನು. ಒಂದು ದಿನ ತಟ್ಟೆಗಳನ್ನೆಲ್ಲ ತಂದು ನನ್ನ ಮನೆಯಲ್ಲಿಟ್ಟು, ಕೈ ಕೆಟ್ಟುಹೋಗಿದೆ ಅಂದೆ. ನಿನ್ನ ಕೈ ಕೆಟ್ಟಿರಲಿಲ್ಲ.

ಹೋದ ಭಾನುವಾರ ನೀನು ನಿನ್ನ ಮಗಳು ಸಿರಿಯನ್ನು ಕರೆದುಕೊಂಡು ಬಂದಿದ್ದೆ. ಬಾಲ್ಕನಿಯ ಚೀಲದಿಂದ ಅವಳು ನಿನ್ನ ಹಳೆಯ ತಟ್ಟೆಯೊಂದನ್ನು ಎಳೆದು ತೆಗೆದಳು. ಕೆಳಗೆ ಪಾರ್ಕಿಂಗಿನ ಪಕ್ಕದ ಹುಲ್ಲಿನಲ್ಲಿ ಎಸೆದಳು. ಆರು ವರ್ಷದ ಮಗು, ಯಾರೂ ಹೇಳಿಕೊಟ್ಟಿಲ್ಲ — ಅದೇ ಬಿರುಸು, ಅದೇ ನೇರ. ನೀನು ಅವಳ ಪಕ್ಕ ಕೂತು ಮಣಿಕಟ್ಟು ಹಿಡಿದುಕೊಂಡೆ.

“ಹಂಗಲ್ಲ ಮಗಳೇ, ಮೆಲ್ಲಗೆ. ಬಿರುಸಾಗಿ ಎಸೆದ್ರೆ ಚೈನ್ ಆಚೆ ತಳ್ಳುತ್ತೆ. ಅಪ್ಪ ಅದನ್ನ ಲೇಟಾಗಿ ಕಲ್ತಿದ್ದು. ಬೇಕಾದ್ರೆ ಮಾಮನ್ನ ಕೇಳು.”

ಅವಳು ತಿರುಗಿ ನನ್ನನ್ನು ನೋಡಿ, “ಹೌದಾ ಮಾಮ?” ಅಂದಳು.

“ಹೌದು ಪುಟ್ಟಿ,” ಅಂದೆ ನಾನು. ಐದು ವರ್ಷದ ಹಿಂದಿನದಕ್ಕೆ ಮಂಜಿನ ಮರೆಯಾದರೂ ಇತ್ತು. ಈ ಸಲ ಬಿಸಿಲಿತ್ತು, ಮಗು ಕಣ್ಣಿಗೆ ಕಣ್ಣಿಟ್ಟು ನೋಡುತ್ತಿತ್ತು, ನನ್ನ ನಾಲಿಗೆ ತಡವರಿಸಲೂ ಇಲ್ಲ. ಆಮೇಲೆ ಅವಳು ಮೆಲ್ಲಗೆ ಎಸೆದಳು. ತಟ್ಟೆ ಎರಡು ಮಾರು ಹೋಗಿ ಬಿತ್ತು. ನೀನು ಚಪ್ಪಾಳೆ ತಟ್ಟಿದೆ.

ಈ ಭಾನುವಾರ ಕೆಂಪಾಪುರದ ನಿಮ್ಮ ಮನೆಗೆ ಬರುತ್ತೇನೆ. ಊಟಕ್ಕೆ ಮುಂಚೆಯೇ ಎಲ್ಲರೆದುರು ಇದನ್ನು ಓದುತ್ತೇನೆ. ಊಟವಾದ ಮೇಲೆ ಅಂದರೆ ನಾನು ಮತ್ತೆ ಸುಮ್ಮನಾಗಿಬಿಡುತ್ತೇನೆ, ನನ್ನನ್ನು ನಾನು ಬಲ್ಲೆ. ಮಾವನವರು ಏನೆನ್ನುತ್ತಾರೋ ಅನ್ನಲಿ. ಮಂಜುಳಾ ಇದನ್ನು ಹೇಗೆ ತಡೆದುಕೊಳ್ಳುತ್ತಾಳೋ ತಿಳಿಯದು. ತೋಟ ನಿನಗೆ ಸಿಗುವುದಿಲ್ಲ. ಕ್ಷಮಿಸು ಅಂತ ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ.

ಆಮೇಲೆ ಸಿರಿಯನ್ನು ಕರೆಯುತ್ತೇನೆ. ಮಾಮ ಅವತ್ತು ಹೇಳಿದ್ದು ಸುಳ್ಳು, ನಿನಗೆ ಹೇಗೆ ಬರುತ್ತೋ ಹಾಗೇ ಎಸಿ, ನಿಮ್ಮಪ್ಪನೂ ಹಾಗೇ ಎಸೆಯುತ್ತಿದ್ದ ಅಂತ ನಾನೇ ನನ್ನ ಬಾಯಿಂದ ಹೇಳಬೇಕು. ಅವಳು ಯಾಕೆ ಸುಳ್ಳು ಹೇಳಿದ್ರಿ ಅಂತ ಕೇಳೇ ಕೇಳುತ್ತಾಳೆ. ಅದಕ್ಕೂ ಉತ್ತರ ಕೊಡುತ್ತೇನೆ. ನೀನು ಅಡ್ಡ ಬರಬೇಡ ರಾಜು.